ಇನ್ನೂರು ರೂಪಾಯಿ ಉಳಿಸಿ ಕೌದಿ ಹೊಲಿದ ಕಥೆ

ತಪ್ಪು ನನ್ನದೇ. ಮೊದಲೇ ಒಪ್ಪಿಕೊಂಡುಬಿಡುತ್ತೇನೆ.

ಫೆಬ್ರುವರಿ ಕೊನೆಯ ವಾರ. ಉಪ್ಪಿನಬೆಟಗೇರಿಯ ನಮ್ಮ ಮನೆಯ ಪಡಸಾಲೆಯಲ್ಲಿ ಲ್ಯಾಪ್‌ಟಾಪ್ ಹಿಡಿದು ಬೆಂಗಳೂರಿನ ಟೀಮ್ ಜೊತೆ ಕಾಲ್‌ನಲ್ಲಿದ್ದೆ. ಮ್ಯೂಟ್‌ನಲ್ಲಿದ್ದೆ ಅನ್ನಿ. ಅಷ್ಟರಲ್ಲಿ ಹಿಂದಿನ ಓಣಿಯ ಕೌದಿ ಹೊಲಿಯುವ ಅಕ್ಕ ಬಂದರು. ಆಯಿನೇ ಹೇಳಿ ಕಳಿಸಿದ್ದಳು. ಮನೆಗೊಂದು ದೊಡ್ಡ ಕೌದಿ ಬೇಕು, ಬಾಣಂತನಕ್ಕೆ ಬಂದಿರೋ ತಂಗಿಯ ಕೂಸಿಗೊಂದು ಸಣ್ಣದು ಬೇಕು. ಮೇ ಕೊನೆಗೆ ತಂಗಿ ಗಂಡನ ಮನೆಗೆ ಹೊರಡುತ್ತಾಳೆ. ಕುಂಚಿಗಿ ಜೊತೆ ತವರಿನ ಕೌದಿ ಹೋಗದಿದ್ದರೆ ಆಯಿಗೆ ಸಮಾಧಾನ ಇಲ್ಲ. ಮೊದಲಾದರೆ ಅವಳೇ ಹೊಲಿಯುತ್ತಿದ್ದಳು. ಈಗ ಸೂಜಿಯ ಕಣ್ಣು ಅವಳಿಗೆ ಕಾಣುವುದಿಲ್ಲ.

"ದೊಡ್ಡದಕ್ಕ ಹನ್ನೆರಡು ನೂರು ಆಗತೈತ್ರಿ. ದಾರ ನಂದ," ಅಂದರು ಅಕ್ಕ.

ನಾನು ಹೆಡ್‌ಫೋನ್ ತೆಗೆದು ಅಂದೆ, "ಸಾವಿರ ಮಾಡ್ರಿ ಅಕ್ಕಾ. ಬಟ್ಟಿ ನಮ್ಮದ ಐತೆಲ್ಲಾ."

ಅವರು ಒಂದು ಕ್ಷಣ ಸುಮ್ಮನಿದ್ದು, "ಆತು ಬಿಡ್ರಿ," ಅಂದರು.

ಗೆದ್ದ ಉತ್ಸಾಹ ನೋಡಿ, ಅಲ್ಲಿಗೇ ನಿಲ್ಲಲಿಲ್ಲ. "ಸಣ್ಣದು ಬ್ಯಾಡ್ರಿ, ನಾನ ಹೊಲೀತೀನಿ. ನೆಟ್ಟಗ ಹೊಲಿಗಿ ಹಾಕೂದು ಅಷ್ಟ ಅಲ್ಲೇನು?" ಅಂದೆ. ಅಕ್ಕ ನಕ್ಕರು. "ಹೊಲೀರಿ, ಹೊಲೀರಿ. ಸೂಜಿ ಕೊಡಲೇನು?"

ನಾನು ಇಂಜಿನಿಯರಿಂಗ್ ಓದಿದವನು. ಸೂಜಿ ಬೇಡ ಅಂದೆ.

ಮೊದಲ ಪ್ರಯತ್ನಕ್ಕೆ ನಾಲ್ಕು ವಿಡಿಯೋ ನೋಡಿದೆ. ಟ್ರಂಕಿನಿಂದ ಅವ್ವನ ಎರಡು ಸೀರೆ ಆರಿಸಿದೆ, ಬಣ್ಣ ಚೆನ್ನಾಗಿವೆ ಅಂತ. ಅವು ಪಾಲಿಯೆಸ್ಟರ್. ಒಂದರ ಮೇಲೊಂದು ಹಾಸಿದರೆ ಜಾರುತ್ತವೆ, ಸರಿ ಮಾಡಿದರೆ ಮತ್ತೊಂದು ಕಡೆ ಜಾರುತ್ತವೆ. ಸೂಜಿ ಬಗ್ಗಿತು ಅಂತ ಚೀಲ ಹೊಲಿಯುವ ದಬ್ಬಣ ತಂದೆ. ಅದು ಹೋದಲ್ಲೆಲ್ಲ ತೂತು. ಎರಡು ರಾತ್ರಿ ಆದಮೇಲೆ ನನ್ನ ಕೌದಿ ರವೆ ಸೋಸುವ ಜರಡಿ ಥರ ಇತ್ತು. ಆಯಿ ಮುಟ್ಟಿ ನೋಡಿ, "ಇದರಾಗ ಕೂಸು ಮಲಗಿದ್ರ ಬೆವತು ಹೋಗತೈತಿ. ಅಳೂದು ಬ್ಯಾಡೇನು ಅದು?" ಅಂದಳು.

ಎರಡನೇ ಸಲ ಪಕ್ಕಾ ಕಾಟನ್. ಧಾರವಾಡಕ್ಕೆ ಹೋಗಿ ಸುಭಾಷ್ ರೋಡಿನಲ್ಲಿ ಹೊಸ ಬಟ್ಟೆ ತಂದೆ. ಕೆಳಗೆ ಹೊಸದು, ಮೇಲೆ ಆಯಿಯ ಹಳೇ ಇಳಕಲ್ ಸೀರೆ. ಈ ಸಲ ಹೊಲಿಗೆ ನೋಡಲು ಪರವಾಗಿರಲಿಲ್ಲ. ಫೋಟೋ ತೆಗೆದು ಸ್ಟೇಟಸ್‌ಗೂ ಹಾಕಿದೆ. ಆಮೇಲೆ ತೊಳೆದೆ. ನೀರಿಗೆ ಹಾಕದೇ ಹೊಲಿದ ಹೊಸ ಬಟ್ಟೆ ಕುಗ್ಗಿತು, ನೂರು ಸಲ ಒಗೆಸಿಕೊಂಡ ಸೀರೆ ಕುಗ್ಗಲಿಲ್ಲ. ಇಡೀ ಕೌದಿ ಹಪ್ಪಳದ ಹಾಗೆ ಉಬ್ಬಿತು. ಸಾಲದ್ದಕ್ಕೆ ಹೊಸ ಬಟ್ಟೆಯ ಕೆಂಪು ಬಣ್ಣ ಬಿಟ್ಟು ಆಯಿಯ ಸೀರೆಗೆ ಹತ್ತಿತು. ಸ್ಟೇಟಸ್ ಡಿಲೀಟ್ ಮಾಡಿದೆ.

ಅವತ್ತು ಆಯಿ ಬಯ್ಯಲಿಲ್ಲ. "ಹೊಸಾ ಬಟ್ಟಿ ಯಾರರ ಕೌದಿಗೆ ಹಾಕ್ತಾರೇನೋ ತಮ್ಮಾ? ಮೈಗೆ ಹತ್ತಿ, ಕಲ್ಲಿಗೆ ಬಡಿಸಿಕೊಂಡು ಮೆತ್ತಗಾದ ಬಟ್ಟಿನ ಕೌದಿ ಆಗೂದು," ಅಂದಳು. ನಾನು ಹಳೇ ಬಟ್ಟೆಯನ್ನ ಬಡತನದ ಕಾರಣಕ್ಕೆ ಬಳಸುತ್ತಾರೆ ಅಂದುಕೊಂಡಿದ್ದೆ. ಅಲ್ಲ. ಕುಗ್ಗುವುದು, ಬಣ್ಣ ಬಿಡುವುದು ಎಲ್ಲ ಅದರ ಆಯುಷ್ಯದಲ್ಲಿ ಮುಗಿದಿರುತ್ತದೆ. ನಮ್ಮ ಭಾಷೆಯಲ್ಲಿ ಹೇಳಬೇಕಂದರೆ, ಹತ್ತು ವರ್ಷ ಟೆಸ್ಟಿಂಗ್ ಆದ ಬಟ್ಟೆ ಅದು.

ಮೂರನೇ ಸಲ ಮಾನ ಬಿಟ್ಟು ಅಕ್ಕನ ಮನೆಗೇ ಹೋದೆ. ಅವರು ಯಾರದೋ ದೊಡ್ಡ ಕೌದಿ ಹೊಲಿಯುತ್ತ ಕೂತಿದ್ದರು. ನಾನು ಬಂದ ಕಾರಣ ಕೇಳದೇ ಗೊತ್ತಾಯಿತು ಅವರಿಗೆ. ಪಕ್ಕಕ್ಕೆ ಸರಿದು ಜಾಗ ಕೊಟ್ಟರು.

ಅಲ್ಲಿ ಕಲಿತದ್ದು ಇಷ್ಟು. ಬಟ್ಟೆಯನ್ನ ನೆಲದ ಮೇಲೆ ಸುಕ್ಕಿಲ್ಲದ ಹಾಗೆ ಹಾಸಿ, ನಾಲ್ಕೂ ಮೂಲೆಗೆ ಕಲ್ಲು ಹೇರಬೇಕು. ಮೊದಲು ದೊಡ್ಡ ದೊಡ್ಡ ಕಚ್ಚಾ ಹೊಲಿಗೆ ಹಾಕಿ ಪದರಗಳನ್ನ ಹಿಡಿದಿಡಬೇಕು, ಆಮೇಲೆ ಅದನ್ನ ಬಿಚ್ಚಬೇಕು. ದಾರ ಒಂದು ತೋಳಿನಷ್ಟು ಸಾಕು, ಉದ್ದ ಆದರೆ ಗಂಟು ಬೀಳುತ್ತದೆ. ಅಂಚಿನಿಂದ ಶುರುಮಾಡಿ ಸುತ್ತುತ್ತ ನಡುವಿಗೆ ಬರಬೇಕು, ಸಾಲಿಗೂ ಸಾಲಿಗೂ ಒಂದು ಬೆರಳಿನ ಅಂತರ. ಮುಖ್ಯವಾಗಿ ದಾರ ಜಗ್ಗಬಾರದು. "ಸಿಟ್ಟಿನ್ಯಾಗ ಹೊಲಿಬ್ಯಾಡ್ರಿ. ದಾರ ಬಿಗೀತೈತಿ, ಬಟ್ಟಿ ಮುದುಡತೈತಿ," ಅಂದರು. ಸಂಜೆ 6ರ ಕಾಲ್ ಮುಗಿಸಿ ಹೊಲಿಯಲು ಕೂರುವ ನನಗೆ ಅದು ಸರಿಯಾಗಿಯೇ ತಾಗಿತು.

ಈ ಸುತ್ತು ಹೊಲಿಗೆ ನಮ್ಮ ಓಣಿಯದಷ್ಟೇ ಅಲ್ಲ. ಪಕ್ಕದ ಜಿಲ್ಲೆಯ ಹಳಿಯಾಳ, ಯಲ್ಲಾಪುರದ ಸಿದ್ದಿ ಮಹಿಳೆಯರು ಹೊಲಿಯುವ ಕವಂದಿಯೂ ಅಂಚಿನಿಂದಲೇ ಶುರುವಾಗಿ ನಡುವಿನಲ್ಲಿ ಮುಗಿಯುತ್ತದೆ. ನಾಲ್ಕು ಮೂಲೆಗೂ ಮಡಚಿದ ಬಟ್ಟೆಯ ಪುಟ್ಟ ಹೂವು ಇಡುತ್ತಾರೆ. ಮಹಾರಾಷ್ಟ್ರದ ಗೋಧಡಿ, ಬಂಗಾಳದ ಕಾಂಥಾ ಎಲ್ಲ ಇದರದ್ದೇ ಅಕ್ಕ ತಂಗಿಯರು. ಇನ್ನೂ ದೂರ ಹೋದರೆ, ಅಮೆರಿಕದ ಅಲಬಾಮಾ ರಾಜ್ಯದಲ್ಲಿ ಗೀಸ್ ಬೆಂಡ್ ಅಂತ ಒಂದು ಹಳ್ಳಿ. ಅಲ್ಲಿನ ಕಪ್ಪು ಮಹಿಳೆಯರು ಹೊಲದ ಕೆಲಸದಲ್ಲಿ ಸವೆದ ಪ್ಯಾಂಟು, ಅಂಗಿಗಳಿಂದ ಹೊಲಿದ ಕೌದಿಗಳು 2002ರಲ್ಲಿ ಹ್ಯೂಸ್ಟನ್‌ನ ಮ್ಯೂಸಿಯಂ ಗೋಡೆ ಏರಿದವು, ಆಮೇಲೆ ನ್ಯೂಯಾರ್ಕಿನ ವಿಟ್ನಿ ಮ್ಯೂಸಿಯಂಗೂ ಹೋದವು. 2006ರಲ್ಲಿ ಅಮೆರಿಕದ ಅಂಚೆ ಚೀಟಿಯ ಮೇಲೂ ಬಂದವು. ಅಲ್ಲಿ ಗೋಡೆ ಏರಿದ ಕೆಲಸವನ್ನ ಇಲ್ಲಿ ನಾನು 'ನೆಟ್ಟಗ ಹೊಲಿಗಿ ಅಷ್ಟ' ಅಂದಿದ್ದೆ.

ಮೂರನೇ ಕೌದಿ ನಡೆಯಿತು. ಅಜ್ಜನ ಹಳೇ ಧೋತರ ನಡುವಿಗೆ, ಆಯಿಯ ಎರಡು ಕಾಟನ್ ಸೀರೆ ಕೆಳಗೆ ಮೇಲೆ. ಪ್ರತಿದಿನ ರಾತ್ರಿ ಆಯಿ ಕಣ್ಣುಮುಚ್ಚಿ ಅಂಗೈ ಆಡಿಸುತ್ತಿದ್ದಳು. "ಇಲ್ಲಿ ಗಂಟೈತಿ. ಕೂಸಿನ ಬೆನ್ನಿಗೆ ಒತ್ತತೈತಿ, ಬಿಚ್ಚು." ಇಷ್ಟು ಕಟ್ಟುನಿಟ್ಟಿನ ರಿವ್ಯೂ ನನ್ನ ಕೋಡ್‌ಗೂ ಯಾರೂ ಮಾಡಿಲ್ಲ. ಬಿಚ್ಚಿದೆ, ಗಂಟನ್ನ ಪದರದ ಒಳಗೆ ಎಳೆದು ಮುಚ್ಚಿದೆ, ಮತ್ತೆ ಹೊಲಿದೆ.

ಒಂದು ರಾತ್ರಿ ಕೈನೋವು ಬಂದು ನಿದ್ದೆ ಬರಲಿಲ್ಲ. ಸುಮ್ಮನೆ ಫೋನಿನಲ್ಲಿ ಲೆಕ್ಕ ಹಾಕಿದೆ. ನನ್ನದು 90 ಸೆಂಟಿಮೀಟರ್ ಚೌಕ. ಸಾಲಿನ ಅಂತರ ಒಂದೂವರೆ ಸೆಂಟಿಮೀಟರ್. ಅಂದರೆ ಒಟ್ಟು 54 ಮೀಟರ್ ಹೊಲಿಗೆ. ಮೀಟರಿಗೆ 20 ನಿಮಿಷದಂತೆ 18 ಗಂಟೆ, ಬಿಚ್ಚಿದ್ದು ಬೇರೆ.

ಅಲ್ಲಿಗೆ ನಿಲ್ಲಿಸಿದ್ದರೆ ನೆಮ್ಮದಿಯಾಗಿ ಮಲಗುತ್ತಿದ್ದೆ. ಅಕ್ಕ ನಮಗೆ ಹೊಲಿದುಕೊಟ್ಟ ದೊಡ್ಡ ಕೌದಿ ಹೊದ್ದುಕೊಂಡೇ ಮಲಗಿದ್ದೆ, ಅದರ ಲೆಕ್ಕವನ್ನೂ ಹಾಕಿದೆ. 180 ಸೆಂಟಿಮೀಟರ್ ಅಗಲ, 210 ಉದ್ದ. ಅದೇ ಅಂತರಕ್ಕೆ 252 ಮೀಟರ್. ಅವರ ಕೈ ನನಗಿಂತ ಎರಡುಪಟ್ಟು ಚುರುಕು, ಅವರ ಮನೆಯಲ್ಲಿ ಕೂತು ನೋಡಿದ್ದೆ, ಮೀಟರಿಗೆ ಸುಮಾರು 10 ನಿಮಿಷ. ಆದರೂ 42 ಗಂಟೆ. ಹಾಸುವುದು, ತೇಪೆ ಜೋಡಿಸುವುದು ಸೇರಿದರೆ 50. ನಾನು ಕೊಟ್ಟಿದ್ದು 1,000. ಗಂಟೆಗೆ 20 ರೂಪಾಯಿ. ಅದರಲ್ಲೇ ದಾರ.

ಉದ್ಯೋಗ ಖಾತ್ರಿಯಲ್ಲಿ ಕರ್ನಾಟಕಕ್ಕೆ 2025-26ರ ಕೂಲಿ ದಿನಕ್ಕೆ 370 ರೂಪಾಯಿ. ದಿನಕ್ಕೆ 8 ಗಂಟೆ ಹಿಡಿದರೂ ಆ ಕೌದಿ ಆರು ದಿನ ದಾಟುತ್ತದೆ, 2,300 ರೂಪಾಯಿ ಆಗುತ್ತದೆ. ಅದು ಮಣ್ಣು ಹೊರುವ ಕೂಲಿ. ನಲವತ್ತು ವರ್ಷದ ಕೈಗಾರಿಕೆಗೆ ಬೇರೆ ರೇಟ್ ಇರಬೇಕಿತ್ತು. ನಾನು ಉಳಿಸಿದ 200 ರೂಪಾಯಿ ಧಾರವಾಡದಲ್ಲಿ ಗೆಳೆಯನ ಜೊತೆ ಒಂದು ಕಾಫಿ, ಒಂದು ಸ್ಯಾಂಡ್‌ವಿಚ್‌ಗೆ ಹೋಗಿತ್ತು. ಬಿಲ್ ಮೇಲೆ ಚೌಕಾಶಿ ಮಾಡಿದ ನೆನಪಿಲ್ಲ.

ಮರುದಿನ 1,500 ರೂಪಾಯಿ ಹಿಡಿದು ಹೋದೆ. ಏನು ಹೇಳಬೇಕು ಅಂತ ದಾರಿಯುದ್ದಕ್ಕೂ ರಿಹರ್ಸಲ್ ಮಾಡಿದ್ದೆ, ಅಲ್ಲಿ ಬಾಯಿಗೆ ಬಂದದ್ದು, "ಅಕ್ಕಾ, ಅವತ್ತ ಲೆಕ್ಕ ತಪ್ಪಿತ್ತು," ಅಂತ ಮಾತ್ರ.

ಅವರು ದುಡ್ಡನ್ನ ಎರಡು ಸಲ ಎಣಿಸಿದರು. ಬೇಡ ಅನ್ನಲಿಲ್ಲ, ಕಣ್ಣೀರೂ ಹಾಕಲಿಲ್ಲ. ಸೆರಗಿಗೆ ಗಂಟು ಹಾಕುತ್ತ ಅಂದರು, "ಹಂಗಾದ್ರ ಇನ್ನ ಮುಂದ ಎಲ್ಲಾರಿಗೂ ಇದ ರೇಟ್ ಹೇಳ್ತೀನಿ ನೋಡ್ರಿ. ಯಾರರ ಕೇಳಿದ್ರ ನಿಮ್ಮ ಹೆಸರು ತಗೋತೀನಿ. ಕೊಟ್ಟಿಲ್ಲ ಅನ್ನಬ್ಯಾಡ್ರಿ ಮತ್ತ."

ಹೂಂ ಅಂದೆ.

ಒಂದು ವಾರ ಆಗಿಲ್ಲ, ಎದುರುಮನೆಯ ಕಾಕು ಕಟ್ಟೆಯ ಮೇಲೆ ಕೂತು ನನ್ನನ್ನ ಹಿಡಿದರು. "ಏನೋ, ಊರಾಗಿನ ರೇಟ್ ಕೆಡಿಸಿದೆಲ್ಲೋ! ಬೆಂಗಳೂರ ಪಗಾರ ಬರತೈತಿ ಅಂತ ಹಿಂಗ ಮಾಡೂದೇನು?" ಅವರ ಮಾತಿನಲ್ಲೂ ಒಂದು ನಿಜ ಇದೆ. ಎಲ್ಲರ ಮನೆಯಲ್ಲೂ ನನ್ನ ಸಂಬಳ ಬರುವುದಿಲ್ಲ. ನನ್ನ ಹತ್ತಿರ ಅದಕ್ಕೆ ಪೂರ್ತಿ ಉತ್ತರ ಇಲ್ಲ. "ಕಾಕು, ಒಂದು ಸಣ್ಣ ಕೌದಿ ನೀವ ಹೊಲಿದು ನೋಡ್ರಿ, ಆಮ್ಯಾಲ ರೇಟ್ ಮಾತಾಡೂನು," ಅಂದೆ. ಕಾಕು ನಕ್ಕು ಬಯ್ದು ಒಳಗೆ ಹೋದರು. ಆದರೆ ಮೊನ್ನೆ ಅಕ್ಕನನ್ನ ಮನೆಗೆ ಕರೆಸಿದ್ದರಂತೆ. ಎಷ್ಟಕ್ಕೆ ಮಾತಾಯಿತು ಅಂತ ನಾನು ಕೇಳಿಲ್ಲ.

ಮೇ ಕೊನೆಗೆ ತಂಗಿ ಹೊರಟಳು. ಕೌದಿ ಕೊನೆಗೂ ಮುಗಿದಿತ್ತು. ಒಂದು ಮೂಲೆ ಸ್ವಲ್ಪ ಸೊಟ್ಟ, ನಡುವಿನಲ್ಲಿ ಒಂದು ಸಾಲು ದಾರಿ ತಪ್ಪಿ ಮತ್ತೆ ಸೇರಿಕೊಂಡಿದೆ. ಆಯಿ ಕೊನೆಯ ಸಲ ಅಂಗೈ ಆಡಿಸಿ, "ಗಂಟಿಲ್ಲ. ಹೋಗಲಿ," ಅಂದಳು. ನಿನ್ನೆ ತಂಗಿ ವಿಡಿಯೋ ಕಾಲ್ ಮಾಡಿದ್ದಳು. ಕೂಸು ಅದರ ಮೇಲೆ ಅಂಗಾತ ಮಲಗಿ, ಆ ಸೊಟ್ಟ ಮೂಲೆಯನ್ನೇ ಬಾಯಿಗೆ ಹಾಕಿಕೊಂಡು ಜಗಿಯುತ್ತಿತ್ತು.