ಹಳೆಯ ಕಾರಿಗೆ ಹೊಸ ಕಿಡಿ

ಚನ್ನರಾಯಪಟ್ಟಣ ತಾಲ್ಲೂಕಿನ ಬಾಗೂರಿನಂತಹ ಊರಿನಲ್ಲಿ ಕಾರು ಎಂಬುದು ಬಹುಕಾಲ ಒಬ್ಬರ ಸ್ವತ್ತಾಗಿರಲಿಲ್ಲ. ತೆಂಗಿನ ತೋಟದ ಮನೆಯ ಮುಂದೆ ನಿಂತ ಅಂಬಾಸಡರ್ ಗಾಡಿಯ ಕಾಗದಪತ್ರಗಳಲ್ಲಿ ಹೆಸರು ಒಬ್ಬರದೇ ಇದ್ದರೂ, ಮದುವೆಯ ದಿಬ್ಬಣಕ್ಕೆ, ತಿಪಟೂರಿನ ಕೊಬ್ಬರಿ ಮಾರುಕಟ್ಟೆಗೆ, ಅಪರಾತ್ರಿಯಲ್ಲಿ ಹೆರಿಗೆನೋವು ಬಂದ ಹೆಣ್ಣುಮಗಳನ್ನು ಪಟ್ಟಣದ ಆಸ್ಪತ್ರೆಗೆ ಸಾಗಿಸುವುದಕ್ಕೆ ಅದು ಊರಿಗೆಲ್ಲ ಸೇರಿದ ವಾಹನವಾಗಿತ್ತು. ಅಂತಹ ಗಾಡಿ ಬೇಕಾದ ಹೊತ್ತಿನಲ್ಲಿ ಹೊರಡದೆ ಮುಷ್ಕರ ಹೂಡಿದರೆ ಯಜಮಾನನಿಗಾಗುವ ಸಂಕಟ ಹೇಳತೀರದು.

ಹೀಗೆ ಹಟ ಹಿಡಿದ ಗಾಡಿಯ ಬಾನೆಟ್ಟನ್ನು ಎತ್ತಿದ ಮೆಕ್ಯಾನಿಕ್ಕನ ಕೈ ಮೊದಲು ಹೋಗುತ್ತಿದ್ದುದು ಡಿಸ್ಟ್ರಿಬ್ಯೂಟರಿನ ಮುಚ್ಚಳಕ್ಕೆ. ಅದರೊಳಗಿನ ಪಾಯಿಂಟುಗಳನ್ನು ಮರಳುಕಾಗದದಿಂದ ಉಜ್ಜಿ, ಎಡೆಯನ್ನು ಸರಿಪಡಿಸಿದರೆ ಹತ್ತರಲ್ಲಿ ಆರು ಸಲ ಗಾಡಿ ಹೊರಡುತ್ತಿತ್ತು. ಫೀಲರ್ ಗೇಜು ಕೈಗೆ ಸಿಗದಿದ್ದರೆ ಸಿಗರೇಟು ಪೊಟ್ಟಣದ ರಟ್ಟೇ ಅಳತೆಗೋಲು.

ಈ ಪಾಯಿಂಟು ಮಾಡುವ ಕೆಲಸವಾದರೂ ಏನು? ಪೆಟ್ರೋಲ್ ಎಂಜಿನ್ನಿನಲ್ಲಿ ಇಂಧನವನ್ನು ಹೊತ್ತಿಸುವುದು ಪ್ಲಗ್ಗಿನ ತುದಿಯಲ್ಲಿ ಹಾರುವ ಕಿಡಿ. ಬ್ಯಾಟರಿಯಲ್ಲಿರುವುದು ಕೇವಲ 12 ವೋಲ್ಟು. ಕಿಡಿ ಹಾರಬೇಕಾದರೆ ಹತ್ತಿಪ್ಪತ್ತು ಸಾವಿರ ವೋಲ್ಟು ಬೇಕು. ಈ ಪವಾಡವನ್ನು ನಡೆಸುವುದು ಕಾಯಿಲ್. ಅದರ ದಪ್ಪ ತಂತಿಯ ಸುತ್ತುಗಳಲ್ಲಿ ವಿದ್ಯುತ್ತು ಹರಿಯುತ್ತಿರುವಾಗ ಕಾಂತಕ್ಷೇತ್ರವೊಂದು ಏರ್ಪಡುತ್ತದೆ. ಆ ಹರಿವನ್ನು ಥಟ್ಟನೆ ಕಡಿದರೆ ಕ್ಷೇತ್ರವು ಕುಸಿದು, ಸಾವಿರಾರು ಸುತ್ತುಗಳ ಸಣ್ಣ ತಂತಿಯಲ್ಲಿ ಭಾರಿ ವೋಲ್ಟೇಜು ಚಿಮ್ಮುತ್ತದೆ. ಸರಿಯಾದ ಕ್ಷಣದಲ್ಲಿ ಹೀಗೆ ಕಡಿಯುವುದೇ ಪಾಯಿಂಟುಗಳ ಕರ್ತವ್ಯ. ನಾಲ್ಕು ಸಿಲಿಂಡರಿನ ಎಂಜಿನ್ನು ನಿಮಿಷಕ್ಕೆ 3,000 ಸುತ್ತು ತಿರುಗುವಾಗ ಅವು ನಿಮಿಷಕ್ಕೆ 6,000 ಸಲ, ಎಂದರೆ ಸೆಕೆಂಡಿಗೆ ನೂರು ಸಲ, ತೆರೆದು ಮುಚ್ಚಿಕೊಳ್ಳಬೇಕು. ಅರ್ಧ ಗಂಟೆಯ ಪ್ರಯಾಣಕ್ಕೆ 1,80,000 ಸಲ! ತೆರೆಯುವ ಎಡೆಯೋ, ಸುಮಾರು 0.4 ಮಿಲಿಮೀಟರು.

ಇಷ್ಟು ದುಡಿದ ಮೇಲೆ ಸವೆಯದಿರುವುದು ಸಾಧ್ಯವೆ? ಪ್ರತಿಸಲ ತೆರೆಯುವಾಗಲೂ ಪಾಯಿಂಟಿನ ನಡುವೆಯೇ ಒಂದು ಪುಟ್ಟ ಕಿಡಿ ಹಾರಿ ಲೋಹವನ್ನು ಸುಡುತ್ತದೆ. ಪಕ್ಕದ ಕಂಡೆನ್ಸರು ಅದನ್ನು ತಗ್ಗಿಸುವುದೇ ಹೊರತು ಪೂರ್ತಿಯಾಗಿ ನಿಲ್ಲಿಸಲಾರದು. ಒಂದರ ಮೇಲೆ ಗುಳಿ ಬಿದ್ದು, ಇನ್ನೊಂದರ ಮೇಲೆ ಗುಬುಟು ಏಳುತ್ತದೆ. ತಿರುಗುವ ಕ್ಯಾಮಿಗೆ ಉಜ್ಜುವ ಹಿಮ್ಮಡಿ ಸವೆದಂತೆ ಎಡೆ ಕಿರಿದಾಗಿ, ಕಿಡಿ ತಡವಾಗುತ್ತದೆ. ಗಾಡಿ ಏರಿನಲ್ಲಿ ಏದುಸಿರು ಬಿಡುತ್ತದೆ, ಪೆಟ್ರೋಲನ್ನು ಹೆಚ್ಚು ಕುಡಿಯುತ್ತದೆ. ಇದೆಲ್ಲ ದಿನದಿನವೂ ಇಷ್ಟಿಷ್ಟೇ ನಡೆಯುವುದರಿಂದ ಓಡಿಸುವವರಿಗೆ ತಿಳಿಯುವುದೇ ಇಲ್ಲ.

ಅಮೆರಿಕದ ಚಾರ್ಲ್ಸ್ ಕೆಟರಿಂಗ್ ರೂಪಿಸಿದ ಈ ಏರ್ಪಾಡು 1910ರ ಸುಮಾರಿಗೆ ಕ್ಯಾಡಿಲಾಕ್ ಕಾರುಗಳಲ್ಲಿ ಕಾಣಿಸಿಕೊಂಡು, ಮುಂದೆ ಆರು ದಶಕಗಳ ಕಾಲ ಜಗತ್ತಿನ ಬಹುಪಾಲು ಕಾರುಗಳನ್ನು ಆಳಿತು. 1947ರಲ್ಲಿ ಟ್ರಾನ್ಸಿಸ್ಟರು ಹುಟ್ಟಿದ ಮೇಲೆ, ವಿದ್ಯುತ್ತನ್ನು ಕಡಿಯಲು ಉಜ್ಜುವ ಲೋಹವೇ ಏಕೆ ಬೇಕೆಂಬ ಪ್ರಶ್ನೆ ಎದ್ದಿತು. 1963ರಲ್ಲಿ ಪಾಂಟಿಯಾಕ್ ಕಾರುಗಳಿಗೆ ಟ್ರಾನ್ಸಿಸ್ಟರಿನ ಏರ್ಪಾಡು ಐಚ್ಛಿಕವಾಗಿ ದೊರೆಯಿತು. 1973ರ ವೇಳೆಗೆ ಕ್ರೈಸ್ಲರ್ ಸಂಸ್ಥೆಯು ಅಮೆರಿಕದ ತನ್ನ ಕಾರುಗಳಿಗೆಲ್ಲ ಅದನ್ನೇ ಅಳವಡಿಸಿತು. ಮಾರಿಸ್ ಆಕ್ಸ್‌ಫರ್ಡ್ ಕಾರಿನ ಕುಲದ ನಮ್ಮ ಅಂಬಾಸಡರ್ ಮಾತ್ರ ಹಳೆಯ 1,489 ಸಿ.ಸಿ. ಎಂಜಿನ್ನಿನೊಂದಿಗೆ ಪಾಯಿಂಟುಗಳನ್ನೂ ಬಹುಕಾಲ ಸಾಕಿಕೊಂಡು ಬಂದಿತು. ಡೀಸೆಲ್ ಅಂಬಾಸಡರ್ ಉಳ್ಳವರಿಗೆ ಈ ಚಿಂತೆಯೇ ಇಲ್ಲ; ಅದರಲ್ಲಿ ಕಿಡಿಯೇ ಇಲ್ಲ.

ಈಗ ಇಂತಹ ಮನೆಗಳಲ್ಲಿ ನಡೆಯುವ ಚರ್ಚೆಯನ್ನು ಊಹಿಸಿಕೊಳ್ಳುವುದು ಕಷ್ಟವಲ್ಲ. ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವ ಮಗ ಹಬ್ಬಕ್ಕೆ ಬರುವಾಗ ಅಂಗೈಯಗಲದ ಪೆಟ್ಟಿಗೆಯೊಂದನ್ನು ತಂದಿರುತ್ತಾನೆ: ಹಳೆಯ ಡಿಸ್ಟ್ರಿಬ್ಯೂಟರಿನ ಒಳಗೇ ಕೂರಿಸಬಹುದಾದ ಎಲೆಕ್ಟ್ರಾನಿಕ್ ಸಾಧನ. “ಇನ್ನು ಮೇಲೆ ಪಾಯಿಂಟು ಉಜ್ಜೋ ಗೋಳಿಲ್ಲ ಅಪ್ಪಾ” ಎನ್ನುತ್ತಾನೆ. ಪಟ್ಟಣದಿಂದ ಕರೆಸಿದ ಹಳೆಯ ಮೆಕ್ಯಾನಿಕ್ ಅದನ್ನು ಹೊರಳಿಸಿ ನೋಡಿ, “ಪಾಯಿಂಟು ಕೆಟ್ಟರೆ ನಾನು ಸರಿಮಾಡ್ತೀನಿ ಸ್ವಾಮಿ, ಈ ಡಬ್ಬಿ ಕೆಟ್ಟರೆ ಯಾರು ಮಾಡ್ತಾರೆ?” ಎನ್ನುತ್ತಾನೆ. ಇಬ್ಬರ ಮಾತಿನಲ್ಲಿಯೂ ಹುರುಳುಂಟು.

ಪೆಟ್ಟಿಗೆಯಲ್ಲಿರುವುದು ಬಹಳವೇನೂ ಅಲ್ಲ. ಸಣ್ಣ ಅಯಸ್ಕಾಂತಗಳನ್ನು ಹುದುಗಿಸಿದ ಒಂದು ಉಂಗುರ, ಎರಡು ತಂತಿಗಳುಳ್ಳ ಒಂದು ಕರಿಯ ಗಟ್ಟಿ. ಉಂಗುರವನ್ನು ಕ್ಯಾಮಿನ ಮೇಲೆ, ರೋಟರಿನ ಕೆಳಗೆ ಕೂರಿಸಬೇಕು. ಗಟ್ಟಿಯನ್ನು ಪಾಯಿಂಟುಗಳಿದ್ದ ಜಾಗದಲ್ಲಿ ಬಿಗಿಯಬೇಕು. ಅಯಸ್ಕಾಂತವೊಂದು ಎದುರಿನಿಂದ ಹಾದುಹೋದಾಗ ಗಟ್ಟಿಯೊಳಗಿನ ಟ್ರಾನ್ಸಿಸ್ಟರು ಕಾಯಿಲಿನ ವಿದ್ಯುತ್ತನ್ನು ಕಡಿಯುತ್ತದೆ. ಒಂದಕ್ಕೊಂದು ತಾಗುವುದೇ ಇಲ್ಲ, ತಾಗದುದು ಸವೆಯುವುದೆಂತು? ಬಾಲ್ಟಿಮೋರಿನಲ್ಲಿ 1879ರಲ್ಲಿ ಎಡ್ವಿನ್ ಹಾಲ್ ಎಂಬ ಸಂಶೋಧನಾ ವಿದ್ಯಾರ್ಥಿಯು ಚಿನ್ನದ ತೆಳುಹಾಳೆಯಲ್ಲಿ ಕಂಡುಕೊಂಡ ಸೂಕ್ಷ್ಮ ಪರಿಣಾಮವೇ ಇದಕ್ಕೆ ಮೂಲ. ಕಾಯಿಲು, ಪ್ಲಗ್ಗು, ವೇಗಕ್ಕೆ ತಕ್ಕಂತೆ ಕಿಡಿಯನ್ನು ಮುಂಚಿತವಾಗಿ ಹಾರಿಸುವ ಭಾರಗಳು, ಎಲ್ಲವೂ ಹಿಂದಿನಂತೆಯೇ ಉಳಿಯುತ್ತವೆ. ಬದಲಾದದ್ದು ಸ್ವಿಚ್ಚು ಮಾತ್ರ. ಆದುದರಿಂದ ಗಾಡಿ ಕುದುರೆಯಾಗಿಬಿಡುವುದೆಂಬ ಮಾರಾಟಗಾರರ ಮಾತನ್ನು ನಂಬಬೇಕಾಗಿಲ್ಲ. ಪಾಯಿಂಟು ಹೊಸತಾಗಿದ್ದಾಗ ಹೇಗಿತ್ತೋ ಹಾಗೆಯೇ ಸದಾ ಇರುತ್ತದೆ, ಅಷ್ಟೆ. ಅದೇನು ಅಲ್ಪ ಲಾಭವಲ್ಲ.

ಕೂರಿಸುವಾಗ ಎಡವುವ ಸ್ಥಳಗಳು ಕೆಲವುಂಟು. ಮೊದಲು ಬ್ಯಾಟರಿಯ ತಂತಿಯನ್ನು ಕಳಚಿ, ಅದರ ಯಾವ ಧ್ರುವವು ಗಾಡಿಯ ಮೈಗೆ ಕೂಡಿಕೊಂಡಿದೆ ಎಂದು ನೋಡಬೇಕು. 1960ರ ದಶಕದ ಮಧ್ಯದವರೆಗೆ ಬ್ರಿಟಿಷ್ ಮಾದರಿಯ ಅನೇಕ ಕಾರುಗಳಲ್ಲಿ ಧನಧ್ರುವವೇ ಮೈಗೆ ಸೇರಿರುತ್ತಿತ್ತು. ಋಣಧ್ರುವದ ಕಾರಿಗೆಂದು ಮಾಡಿದ ಸಾಧನವನ್ನು ಅದಕ್ಕೆ ಜೋಡಿಸಿದರೆ ಕೀಲಿ ತಿರುಗಿಸಿದೊಡನೆ ಸಾಧನ ಸುಟ್ಟು ಹೋಗುತ್ತದೆ. ಋಣಧ್ರುವದ ಗಾಡಿಯಲ್ಲಿ ಸಾಧನದ ಕೆಂಪು ತಂತಿ ಕಾಯಿಲಿನ ಧನ ತುದಿಗೆ, ಕರಿಯದು ಋಣ ತುದಿಗೆ ಸೇರುವುದು ರೂಢಿ. ಕಾಯಿಲಿನ ಮೊದಲು ಪ್ರತಿರೋಧಕವಿದ್ದರೆ, ಕೆಂಪು ತಂತಿಯನ್ನು ಅದಕ್ಕೂ ಹಿಂದೆ, ಕೀಲಿಯ ಕಡೆಯಿಂದಲೇ ತರಬೇಕು. ಇಲ್ಲವಾದರೆ ಪೂರ್ತಿ 12 ವೋಲ್ಟು ಅದನ್ನು ತಲುಪುವುದಿಲ್ಲ. ಕಾಯಿಲಿನ ರೋಧ ಸುಮಾರು 3 ಓಮ್ ಇದ್ದರೆ 4 ಆಂಪಿಯರು ಹರಿಯುತ್ತದೆ, 1.5 ಓಮಿನ ಕಾಯಿಲಿಗೆ ಪೂರ್ತಿ 12 ವೋಲ್ಟು ಕೊಟ್ಟರೆ ಅದರ ಇಮ್ಮಡಿ ಹರಿದು, ಗಟ್ಟಿಯೂ ಕಾಯಿಲೂ ಕೆಂಡವಾದಾವು. ಪ್ಲಗ್ಗಿಗೆ ಹೋಗುವ ಬರಿಯ ತಾಮ್ರದ ತಂತಿಗಳನ್ನು ಬಿಟ್ಟು, ಇಂಗಾಲದ ತಿರುಳುಳ್ಳವನ್ನು ಹಾಕುವುದು ಕ್ಷೇಮ. ತಾಮ್ರದ ತಂತಿಯಿಂದ ಹೊಮ್ಮುವ ಗೊಂದಲ ಸಾಧನವನ್ನು ತಬ್ಬಿಬ್ಬುಗೊಳಿಸುತ್ತದೆ. ಎಂಜಿನ್ನು ನಿಂತಿರುವಾಗ ರೇಡಿಯೋ ಕೇಳಲೆಂದು ಕೀಲಿಯನ್ನು ತಿರುಗಿಸಿಟ್ಟು ಕೂಡುವ ಚಪಲ ಮಕ್ಕಳಿಗಿದ್ದರೆ ಅದನ್ನೂ ಬಿಡಿಸಬೇಕು.

ಇಷ್ಟಾದ ಮೇಲೂ ಮೆಕ್ಯಾನಿಕ್ಕನ ಪ್ರಶ್ನೆ ಹಾಗೆಯೇ ಉಳಿಯುತ್ತದೆ. ಪಾಯಿಂಟು ಸಾಯುವ ಮುನ್ನ ನರಳುತ್ತದೆ; ಈ ಗಟ್ಟಿ ಸೂಚನೆ ಕೊಡದೆಯೇ ಪ್ರಾಣ ಬಿಡಬಹುದು. ಬ್ಯಾಟರಿ ಸೊರಗಿದ ಗಾಡಿಯನ್ನು ನಾಲ್ವರು ತಳ್ಳಿದರೆ ಪಾಯಿಂಟು ಹೇಗೋ ಒಂದು ಕಿಡಿ ಕೊಟ್ಟೀತು. ವೋಲ್ಟು ತೀರ ಇಳಿದರೆ ಗಟ್ಟಿ ಎಚ್ಚರಗೊಳ್ಳುವುದೇ ಇಲ್ಲ. ನಗರದಲ್ಲಿದ್ದರೆ ಇದು ಒಂದು ದಿನದ ತೊಂದರೆ. ನಡುರಾತ್ರಿ ಬಾಗೂರಿನ ರಸ್ತೆಯಲ್ಲಿ, ಹಿಂದಿನ ಸೀಟಿನಲ್ಲಿ ನರಳುವ ಬಾಣಂತಿಯಿದ್ದರೆ ಲೆಕ್ಕವೇ ಬೇರೆ.

ಮಗನ ಪೆಟ್ಟಿಗೆಯನ್ನು ಬೇಡವೆನ್ನುವುದಕ್ಕೆ ಇದು ಕಾರಣವಲ್ಲ. ಕಳಚಿದ್ದನ್ನು ಗುಜರಿಗೆ ಎಸೆಯದಿರುವುದಕ್ಕೆ ಕಾರಣ. ಹಳೆಯ ಪಾಯಿಂಟಿನ ಜೋಡಿ, ಕಂಡೆನ್ಸರು, ಅವುಗಳ ತಿರುಪುಗಳು, ಒಂದು ಫೀಲರ್ ಗೇಜು, ಇಷ್ಟನ್ನೂ ಮುಚ್ಚಳದ ಡಬ್ಬಿಯಲ್ಲಿ ಹಾಕಿ ಡಿಕ್ಕಿಯಲ್ಲಿಟ್ಟರೆ ದಾರಿಯ ಬದಿಯಲ್ಲೇ ಹಿಂದಿನ ಏರ್ಪಾಡಿಗೆ ಮರಳಬಹುದು. ಒಂದು ತೊಡಕುಂಟು: ಪಾಯಿಂಟಿಗೆ ಕಿಡಿಯ ವೇಳೆ ಸರಿಹೊಂದುವಂತೆ ಡಿಸ್ಟ್ರಿಬ್ಯೂಟರನ್ನು ತಿರುಗಿಸಿಟ್ಟ ಜಾಗ, ಹೊಸ ಸಾಧನಕ್ಕೆ ಸರಿಹೋಗುವ ಜಾಗವಲ್ಲ. ಕತ್ತಲಲ್ಲಿ ಟೈಮಿಂಗ್ ದೀಪ ಹಿಡಿದು ಇದನ್ನು ಹುಡುಕುವುದು ಸುಲಭದ ಕೆಲಸವಲ್ಲ. ಹಾಗಾಗಿ ಪಾಯಿಂಟುಗಳನ್ನು ಬಿಚ್ಚುವ ಮೊದಲೇ ಡಿಸ್ಟ್ರಿಬ್ಯೂಟರಿನ ಕಂಠದಿಂದ ಎಂಜಿನ್ನಿನವರೆಗೆ ಒಂದು ಬಿಳಿಯ ಗೆರೆ ಎಳೆದಿರಬೇಕು. ಹೊಸ ಸಾಧನಕ್ಕೆ ವೇಳೆಯನ್ನು ಹೊಂದಿಸಿದ ಮೇಲೆ ಕೆಂಪು ಬಣ್ಣದಲ್ಲಿ ಇನ್ನೊಂದು. ಬಿಳಿಯದು ಪಾಯಿಂಟಿಗೆ, ಕೆಂಪು ಗಟ್ಟಿಗೆ ಎಂದು ಡಬ್ಬಿಯ ಮುಚ್ಚಳದ ಒಳಗೆ ಬರೆದು ಅಂಟಿಸಿದರೆ, ಮಗ ಬೆಂಗಳೂರಿನಲ್ಲಿದ್ದರೂ ಕೆಲಸ ನಿಲ್ಲುವುದಿಲ್ಲ.