ಎಂಟು ಕಿಲೋ ಮಗು, ಆರು ಕಿಲೋ ಗಾಡಿ

ಮೂರು ತಿಂಗಳ ಹಿಂದೆ ಒಂದು ಸಂಜೆ ಅಸರ್ ನಮಾಝ್ ಮುಗಿಸಿ ಮನೆಗೆ ಬಂದಾಗ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಜಗಲಿಯಲ್ಲಿ ಕಾಯುತ್ತಿದ್ದಳು. ಕಂಕುಳಲ್ಲಿ ಎಂಟು ತಿಂಗಳ ಮಗು. ಅತ್ತೆ ಮಾವನ ಜೊತೆ ಉಮ್ರಾಕ್ಕೆ ಹೊರಟಿದ್ದಳು. ಮಂಗಳೂರಿನಿಂದ ಬೆಂಗಳೂರಿಗೆ ರಾತ್ರಿ ಬಸ್ಸು, ಅಲ್ಲಿಂದ ಜಿದ್ದಾಕ್ಕೆ ವಿಮಾನ. ಗಂಡ ದಮ್ಮಾಮ್‌ನಲ್ಲಿ ಕೆಲಸದಲ್ಲಿದ್ದಾನೆ, ಮಕ್ಕಾದಲ್ಲಿ ಬಂದು ಸೇರುತ್ತಾನೆ. ಇಹ್ರಾಮಿನ ಬಗ್ಗೆಯೋ ನಿಯ್ಯತ್ತಿನ ಬಗ್ಗೆಯೋ ಕೇಳಲು ಬಂದಿರಬೇಕೆಂದು ನಾನು ಭಾವಿಸಿದ್ದೆ. ಅವಳು ಕೇಳಿದ್ದೇ ಬೇರೆ.

“ಉಸ್ತಾದ್, ಮಗುವಿಗೆ ಮಡಚುವ ಸ್ಟ್ರೋಲರ್ ಒಂದು ತಗೊಳ್ಳುವಾ ಅಂತ ಇದ್ದೇನೆ. ಮಾಮಿಗೆ ಇಷ್ಟ ಇಲ್ಲ. ಗಾಡಿಯಲ್ಲಿ ಹಾಕಿ ದೂಡಲಿಕ್ಕೆ ಮಗು ಅಂದ್ರೆ ತರಕಾರಿಯಾ ಅಂತ ಕೇಳ್ತಾರೆ. ತಗೊಂಡ್ರೆ ದುಂದು ಆಗ್ತದಾ?”

ಪ್ರಿಯ ಓದುಗರೇ, ಮದ್ರಸದ ಅಧ್ಯಾಪಕನಿಗೆ ಸ್ಟ್ರೋಲರಿನ ವಿಷಯದಲ್ಲಿ ಏನು ಕೆಲಸ ಎಂದು ನೀವು ಕೇಳಬಹುದು. ನನಗೂ ಮೊದಲು ಹಾಗೆಯೇ ಅನಿಸಿತು. ಆದರೆ ಪ್ರಶ್ನೆ ಕೇಳಿದಾಗ ಅವಳು ಮಗುವನ್ನು ಎಡ ಕಂಕುಳಿನಿಂದ ಬಲ ಕಂಕುಳಿಗೆ ಬದಲಾಯಿಸಿದಳು, ಹಾಗೆ ಬದಲಾಯಿಸುವಾಗ ಸ್ವಲ್ಪ ಬಾಗಿ ಹೊಟ್ಟೆ ಹಿಡಿದುಕೊಂಡಳು. ಸಿಸೇರಿಯನ್ ಆದ ಹೆಣ್ಣು. ಆ ಒಂದು ಚಲನೆ ನನ್ನನ್ನು 2011ಕ್ಕೆ ಕರೆದೊಯ್ದಿತು.

ಆ ವರ್ಷ ನಾವಿಬ್ಬರೂ ಚೊಚ್ಚಲ ಮಗುವಿನೊಂದಿಗೆ ಉಮ್ರಾಕ್ಕೆ ಹೋಗಿದ್ದೆವು. ದುಬೈಯಿಂದ ಸಂಬಂಧಿಕರೊಬ್ಬರು ತಂದುಕೊಟ್ಟ ದೊಡ್ಡ ಗಾಡಿಯೊಂದು ಮನೆಯಲ್ಲಿತ್ತು. ನೋಡಲು ಬಹಳ ಚೆಂದ. ದಪ್ಪ ಗಾಲಿ, ಮೆತ್ತನೆಯ ಹಾಸು, ಹಾಲಿನ ಬಾಟಲಿ ಇಡಲು ಪ್ರತ್ಯೇಕ ಜಾಗ. ತೂಕ ಹನ್ನೊಂದು ಕಿಲೋ. ಮಡಚಲು ಇಬ್ಬರು ಬೇಕು, ಒಬ್ಬರು ಕಾಲಿನಿಂದ ಒತ್ತಬೇಕು, ಇನ್ನೊಬ್ಬರು ಮೇಲಿನಿಂದ ಎಳೆಯಬೇಕು. ಮಕ್ಕಾದ ಹೋಟೆಲಿನ ಲಿಫ್ಟಿನಲ್ಲಿ ಜನರ ನಡುವೆ ಅದಕ್ಕೆ ಜಾಗವೇ ಸಿಗುತ್ತಿರಲಿಲ್ಲ. ನಾಲ್ಕು ಬಾರಿ ಲಿಫ್ಟ್ ತಪ್ಪಿಸಿಕೊಂಡ ಮೇಲೆ ಅದು ಕೋಣೆಯ ಮೂಲೆ ಸೇರಿತು. ಉಳಿದ ದಿನಗಳಲ್ಲಿ ಅದರ ಮೇಲೆ ಟವೆಲು ಒಣಗಿತು, ಮಗು ನನ್ನ ಪತ್ನಿಯ ತೋಳಿನಲ್ಲಿ ಉಳಿಯಿತು.

ಸಫಾ ಮತ್ತು ಮರ್ವಾದ ನಡುವಿನ ದಾರಿ ಸುಮಾರು 450 ಮೀಟರ್. ಏಳು ಸಲ ನಡೆದರೆ ಮೂರು ಕಿಲೋಮೀಟರಿಗೂ ಹೆಚ್ಚು. ಅದಕ್ಕೂ ಮುನ್ನ ತವಾಫಿನ ಏಳು ಸುತ್ತು ಬೇರೆ. ನಾನು ಕೈಯಲ್ಲಿ ದುಆದ ಪುಸ್ತಕ ಹಿಡಿದು ಮುಂದೆ ಮುಂದೆ ನಡೆಯುತ್ತಿದ್ದೆ. ಹಸಿರು ದೀಪಗಳ ನಡುವೆ ಪುರುಷರು ವೇಗವಾಗಿ ಓಡುವುದು ಸುನ್ನತ್. ಓಡಿದೆ. ಐದನೆಯ ಸಲ ಓಡಿ ತಿರುಗಿ ನೋಡಿದರೆ ಪತ್ನಿ ಕಾಣಲಿಲ್ಲ. ಹಿಂದಕ್ಕೆ ಬಂದು ನೋಡಿದಾಗ ಗೋಡೆಗೆ ಒರಗಿ ನಿಂತಿದ್ದಳು. ಮಗು ಹೆಗಲ ಮೇಲೆ ನಿದ್ರಿಸಿತ್ತು, ಇವಳ ಕೈ ನಡುಗುತ್ತಿತ್ತು.

ಸಈ ಎಂಬುದು ಯಾರ ನೆನಪು? ನೀರಿಲ್ಲದ ಕಣಿವೆಯಲ್ಲಿ ಬಾಯಾರಿದ ಎಳೆ ಕಂದ ಇಸ್ಮಾಈಲ್(ಅ)ರಿಗಾಗಿ ಹಝ್ರತ್ ಹಾಜರಾರು ಓಡಿದ ಓಟದ ನೆನಪು. ಒಬ್ಬ ತಾಯಿ ಮಗುವಿಗಾಗಿ ಪಟ್ಟ ಪಾಡನ್ನು ಸ್ಮರಿಸುತ್ತಾ ನಾನು ಓಡುತ್ತಿದ್ದೆ, ನನ್ನ ಮಗುವನ್ನು ಹೊತ್ತ ತಾಯಿ ಹಿಂದೆ ಉಳಿದಿದ್ದಳು. ಇದನ್ನು ನಾನು ತರಗತಿಯಲ್ಲಿ ಎಷ್ಟೋ ಬಾರಿ ಪಾಠ ಮಾಡಿದ್ದೇನೆ. ಅಂದು ಮಾತ್ರ ಹೊಳೆಯಲಿಲ್ಲ, ಅಥವಾ ತಡವಾಗಿ ಹೊಳೆಯಿತು. ಉಳಿದ ಎರಡು ಸಲ ಮಗುವನ್ನು ನಾನು ಎತ್ತಿಕೊಂಡೆ. ಎರಡೇ ಸಲ.

ಆದ್ದರಿಂದ ಆ ಹುಡುಗಿಗೆ ನಾನು ಹೇಳಿದೆ: ಬೇಕಾದದ್ದಕ್ಕೆ ಖರ್ಚು ಮಾಡುವುದು ದುಂದಲ್ಲ. ಮೂರು ಜನ ನೋಡಿ ಮೆಚ್ಚಲಿ ಎಂದು ಮೂವತ್ತು ಸಾವಿರದ ಗಾಡಿ ತೆಗೆದುಕೊಂಡರೆ ಅದು ಬೇರೆ ಮಾತು. ಅತ್ತೆಯ ಮಾತಿನಲ್ಲಿ ಅರ್ಧ ಸತ್ಯವೂ ಇದೆ. ಮಗುವಿಗೆ ತಾಯಿಯ ಮೈಯ ಬಿಸಿ ಬೇಕು. ಆದರೆ ಪ್ರವಾದಿ(ಸ)ರು ಮೊಮ್ಮಗಳು ಉಮಾಮಾರನ್ನು ಎತ್ತಿಕೊಂಡು ನಮಾಝ್ ಮಾಡಿದ ಘಟನೆ ಬುಖಾರಿ ಮತ್ತು ಮುಸ್ಲಿಮ್ ಎರಡರಲ್ಲೂ ವರದಿಯಾಗಿದೆಯಲ್ಲ, ಅದನ್ನು ಗಮನವಿಟ್ಟು ಓದಬೇಕು. ನಿಂತಾಗ ಎತ್ತಿಕೊಳ್ಳುತ್ತಿದ್ದರು, ಸುಜೂದಿಗೆ ಹೋಗುವಾಗ ಕೆಳಗಿಡುತ್ತಿದ್ದರು. ಎತ್ತುವುದೂ ಇತ್ತು, ಇಳಿಸುವುದೂ ಇತ್ತು. ಅಂದ ಹಾಗೆ, ಐದು ಮಕ್ಕಳನ್ನು ಕಂಕುಳಲ್ಲೇ ಬೆಳೆಸಿದ ಆ ಅತ್ತೆ ಬೆನ್ನು ನೋವಿನಿಂದಾಗಿ ಈಗ ಕುರ್ಚಿಯಲ್ಲಿ ಕುಳಿತು ನಮಾಝ್ ಮಾಡುತ್ತಾರೆ. ಇದನ್ನು ನಾನು ಅವಳಿಗೆ ಹೇಳಲಿಲ್ಲ, ಅವಳೇ ನನಗೆ ಹೇಳಿದಳು.

ಇನ್ನು ಆಯ್ಕೆಯ ವಿಷಯ. ಅಂಗಡಿಯವರು ಮೊದಲು ಬಣ್ಣ ತೋರಿಸುತ್ತಾರೆ, ಆಮೇಲೆ ಗಾಲಿ, ಕೊನೆಗೆ ಬೆಲೆ. ನೀವು ಕೇಳಬೇಕಾದ ಮೊದಲ ಪ್ರಶ್ನೆ ಇದು: ಇದನ್ನು ಮಡಚುವವರು ಯಾರು, ಆಗ ಅವರ ಇನ್ನೊಂದು ಕೈಯಲ್ಲಿ ಏನಿರುತ್ತದೆ? ವಿಮಾನ ನಿಲ್ದಾಣದ ತಪಾಸಣೆಯಲ್ಲಿ ಮಗುವನ್ನು ಎತ್ತಿಕೊಂಡು ಗಾಡಿಯನ್ನು ಮಡಚಿ ಯಂತ್ರದ ಮೇಲಿಡಲು ಹೇಳುತ್ತಾರೆ. ಹಿಂದೆ ಸಾಲು ನಿಂತಿರುತ್ತದೆ. ಮಾವನಿಗೆ ಮಂಡಿ ನೋವು, ಅತ್ತೆಗೆ ಬೆನ್ನು ನೋವು. ಗಂಡ ಇರುವುದು ದಮ್ಮಾಮ್‌ನಲ್ಲಿ. ಆಗ ಒಂದೇ ಕೈಯಿಂದ ಮಡಚಲಾಗದ ಗಾಡಿ ಎಷ್ಟು ಚೆಂದವಿದ್ದರೂ ಪ್ರಯೋಜನವಿಲ್ಲ. ಅಂಗಡಿಗೆ ಹೋಗುವಾಗ ಐದು ಕಿಲೋ ಅಕ್ಕಿಯ ಚೀಲವೊಂದನ್ನು ತೆಗೆದುಕೊಂಡು ಹೋಗಿ. ಅದನ್ನು ಎಡಗೈಯಲ್ಲಿ ಎತ್ತಿಕೊಂಡು, ಬಲಗೈಯಿಂದ ಗಾಡಿಯನ್ನು ಮೂರು ಸಲ ಮಡಚಿ ಬಿಡಿಸಿ ನೋಡಿ. ಅಂಗಡಿಯ ಹುಡುಗ ನಗಬಹುದು. ನಗಲಿ. ಅವನು ಮಡಚಿ ತೋರಿಸಿದ್ದನ್ನು ನೋಡಿ ಹಣ ಕೊಡಬೇಡಿ, ಅವನ ಎರಡೂ ಕೈ ಖಾಲಿ ಇರುತ್ತದೆ.

ತೂಕದ ಲೆಕ್ಕ ಸರಳವಾದದ್ದು. ಮಗು 8 ಕಿಲೋ, ಗಾಡಿ 6 ಕಿಲೋ, ಡೈಪರ್, ಹಾಲುಪುಡಿ, ಬಟ್ಟೆಯ ಚೀಲ 3 ಕಿಲೋ. ಒಟ್ಟು 17. ಬಸ್ಸಿನ ಮೆಟ್ಟಿಲು ಹತ್ತುವಾಗ ಈ ಭಾರ ಹೊರುವುದು ಒಬ್ಬಳೇ. ನಮ್ಮ ಹನ್ನೊಂದು ಕಿಲೋ ಗಾಡಿ ಇಟ್ಟರೆ 22 ಆಗುತ್ತದೆ. ಹಾಗಾಗಿ ಆರು, ಹೆಚ್ಚೆಂದರೆ ಏಳು ಕಿಲೋ ದಾಟದ ಗಾಡಿಯನ್ನೇ ಹುಡುಕಿ.

ಹಗುರ ಗಾಡಿಯ ಕಲ್ಪನೆಯೇ ಒಬ್ಬ ಅಜ್ಜನಿಂದ ಬಂದದ್ದು ಎಂಬುದು ನಿಮಗೆ ಗೊತ್ತೇ? ಬ್ರಿಟನ್ನಿನ ಓವನ್ ಮ್ಯಾಕ್ಲಾರೆನ್ ಎಂಬ ವಿಮಾನ ಎಂಜಿನಿಯರ್, ಎರಡನೇ ಮಹಾಯುದ್ಧದ ಸ್ಪಿಟ್‌ಫೈರ್ ವಿಮಾನದ ಚಕ್ರಗಳ ಕೆಲಸದಲ್ಲಿ ದುಡಿದವರು. ಮಗಳು ಮೊಮ್ಮಗುವಿನೊಂದಿಗೆ ಪ್ರಯಾಣ ಮಾಡಿ ಬಂದಾಗ ಭಾರದ ಗಾಡಿಯೊಂದಿಗೆ ಪಡುತ್ತಿದ್ದ ಕಷ್ಟ ನೋಡಿ, ಅಲ್ಯೂಮಿನಿಯಮ್ ಕೊಳವೆಗಳಿಂದ ಕೊಡೆಯಂತೆ ಮಡಚುವ ಗಾಡಿ ಮಾಡಿದರು. 1965ರಲ್ಲಿ ಅದರ ಪೇಟೆಂಟಿಗೆ ಅರ್ಜಿ ಹಾಕಿದರು. ಅದರ ತೂಕ ಮೂರು ಕಿಲೋ ಕೂಡ ಇರಲಿಲ್ಲ. ಇಂದಿಗೂ ಕೊಡೆ ಹಿಡಿಯಂಥ ಎರಡು ಹಿಡಿಗಳ ಅಗ್ಗದ ಗಾಡಿಗಳು ಆ ಜಾತಿಯವೇ.

ಕೊಡೆ ಗಾಡಿ ಹಗುರ, ಅಗ್ಗ. ಆದರೆ ಮಡಚಿದಾಗ ಉದ್ದವಾಗಿಯೇ ಉಳಿಯುತ್ತದೆ, ವಿಮಾನದ ತಲೆಯ ಮೇಲಿನ ಪೆಟ್ಟಿಗೆಯಲ್ಲಿ ಕೂರುವುದಿಲ್ಲ. ಅನೇಕವುಗಳ ಬೆನ್ನು ಹಿಂದಕ್ಕೆ ಬಾಗುವುದೂ ಇಲ್ಲ. ಆಧಾರವಿಲ್ಲದೆ ಕೂರಲು ಬಾರದ ಕೂಸಿಗೆ, ಅಂದರೆ ಸುಮಾರು ಆರು ತಿಂಗಳೊಳಗಿನ ಮಗುವಿಗೆ ಇಂಥದ್ದು ಸಲ್ಲದು. ಅದಕ್ಕೆ ಪೂರ್ತಿ ಮಲಗಿಸಬಹುದಾದ ಗಾಡಿಯೇ ಬೇಕು. ಈಗ ಬಂದಿರುವ ಎರಡನೆಯ ಬಗೆ ಸೂಟ್‌ಕೇಸಿನಂತೆ ಚೌಕವಾಗಿ ಮಡಚುತ್ತದೆ. ಫ್ರಾನ್ಸಿನ ಬೇಬಿಜೆನ್ ಕಂಪನಿಯ ಯೋಯೋ ಎಂಬ ಗಾಡಿ 2012ರಲ್ಲಿ ಬಂದ ಮೇಲೆ ಇದೇ ಮಾದರಿಯವು ಎಲ್ಲ ಕಡೆ ಬಂದವು. ಅದನ್ನು ಮಡಚಿದರೆ 52, 44, 18 ಸೆಂಟಿಮೀಟರ್. ‘ಕ್ಯಾಬಿನ್ ಸ್ಟ್ರೋಲರ್’ ಎಂಬ ಚೀಟಿ ನೋಡಿ ಮಾತ್ರ ನಂಬಬೇಡಿ. ಸೀಟಿನ ಮೇಲೆ ಇಡುವ ಸಾಮಾನಿನ ಅಳತೆ ಒಂದೊಂದು ವಿಮಾನ ಕಂಪನಿಗೆ ಒಂದೊಂದು, ತೂಕದ ಮಿತಿ ಸಾಮಾನ್ಯವಾಗಿ ಏಳು ಕಿಲೋ. ಟಿಕೆಟ್ ಮಾಡಿಸಿದವರಲ್ಲಿ ಕೇಳಿ, ಟೇಪು ಹಿಡಿದು ಅಳೆಯಿರಿ. ಒಳಗೆ ಬಿಡದಿದ್ದರೂ ಹೆಚ್ಚಿನ ಕಂಪನಿಗಳು ಮಗುವಿನ ಗಾಡಿಯನ್ನು ಪ್ರತ್ಯೇಕ ಹಣವಿಲ್ಲದೆ ಒಯ್ಯುತ್ತವೆ. ವಿಮಾನದ ಬಾಗಿಲವರೆಗೆ ದೂಡಿಕೊಂಡು ಹೋಗಿ ಅಲ್ಲಿ ಕೊಡಬಹುದು. ಇಳಿದಾಗ ಬಾಗಿಲಲ್ಲೇ ಸಿಗುತ್ತದೆಂದು ಮಾತ್ರ ನೆಚ್ಚಬೇಡಿ. ಕೆಲವು ನಿಲ್ದಾಣಗಳಲ್ಲಿ ಅದು ಬರುವುದು ಲಗೇಜಿನ ಪಟ್ಟಿಯ ಮೇಲೆ. ಅಲ್ಲಿಯವರೆಗಿನ ನಡಿಗೆ, ಇಮಿಗ್ರೇಶನ್ ಸಾಲು, ಎಲ್ಲವೂ ಮಗುವನ್ನು ಎತ್ತಿಕೊಂಡೇ. ಹಾಗಾಗಿ ಎದೆಗೆ ಕಟ್ಟಿಕೊಳ್ಳುವ ಬಟ್ಟೆಯ ಜೋಲಿಯೊಂದು ಚೀಲದಲ್ಲಿರಲಿ. ಅತ್ತೆಗೂ ಸಮಾಧಾನವಾಗುತ್ತದೆ.

ನಮ್ಮ ಸಹೋದರಿಯರಿಗೆ ಮಾತ್ರ ತಿಳಿಯುವ ಒಂದು ತೊಂದರೆ ಇದೆ, ಇದನ್ನು ನನಗೆ ಹೇಳಿದವಳು ನನ್ನ ಪತ್ನಿ. ಬುರ್ಖಾದ ಅಂಚು ಹಿಂಬದಿ ಗಾಲಿಗೆ ಸಿಕ್ಕಿಕೊಳ್ಳುತ್ತದೆ. ಹಿಂದಿನ ಎರಡು ಗಾಲಿಗಳ ನಡುವೆ ಅಡ್ಡ ಕಂಬಿ ಇದ್ದರೆ ಕಾಲು ಕೂಡ ತಾಗುತ್ತದೆ. ಬುರ್ಖಾ ಹಾಕಿಕೊಂಡೇ ಅಂಗಡಿಯಲ್ಲಿ ಹತ್ತು ಹೆಜ್ಜೆ ವೇಗವಾಗಿ ದೂಡಿ ನೋಡಿ. ಇಹ್ರಾಮಿನ ಬಟ್ಟೆಯುಟ್ಟ ಗಂಡಸರಿಗೂ ಇದು ಅನ್ವಯ.

ಬೆಲ್ಟು ಎರಡು ಭುಜ, ಎರಡು ಸೊಂಟ, ಕಾಲುಗಳ ನಡುವೆ ಒಂದು ಎಂದು ಐದು ಕಡೆ ಹಿಡಿಯುವಂಥದ್ದೇ ಇರಲಿ. ಸೊಂಟಕ್ಕೆ ಮಾತ್ರ ಕಟ್ಟುವುದರಿಂದ ಮಗು ಜಾರಿ ಇಳಿಯುತ್ತದೆ. ಬ್ರೇಕಿನ ವಿಷಯದಲ್ಲಿ ಉದಾಸೀನ ಬೇಡ. 2009ರಲ್ಲಿ ಆಸ್ಟ್ರೇಲಿಯಾದ ಮೆಲ್ಬರ್ನಿನ ರೈಲು ನಿಲ್ದಾಣವೊಂದರಲ್ಲಿ ತಾಯಿ ಕ್ಷಣ ಮಾತ್ರ ಕೈಬಿಟ್ಟಾಗ ಗಾಡಿ ತಾನಾಗಿ ಉರುಳಿ, ಬರುತ್ತಿದ್ದ ರೈಲಿನ ಮುಂದೆ ಹಳಿಗೆ ಬಿದ್ದಿತ್ತು. ಅಲ್ಲಾಹನ ಕೃಪೆಯಿಂದ ಮಗು ಬದುಕಿತು. ಕೈ ಬಿಡುವ ಮೊದಲು ಕಾಲು ಬ್ರೇಕಿನ ಮೇಲೆ ಹೋಗುವುದು ಅಭ್ಯಾಸವಾಗಬೇಕು. ಭಾರದ ಚೀಲವನ್ನು ಹಿಡಿಗೆ ತೂಗುಹಾಕಿ ಮಗುವನ್ನು ಎತ್ತಿಕೊಂಡರೆ ಹಗುರ ಗಾಡಿ ಹಿಂದಕ್ಕೆ ಮಗುಚುತ್ತದೆ. ಎಸ್ಕಲೇಟರಿನಲ್ಲಿ ಒಯ್ಯಬೇಡಿ, ಲಿಫ್ಟಿಗೆ ಕಾಯಿರಿ. ಬಿಸಿಲಿಗೆಂದು ಗಾಡಿಯ ಮೇಲೆ ದುಪಟ್ಟಾ ಹೊದಿಸುವ ಅಭ್ಯಾಸ ನಮ್ಮಲ್ಲಿದೆ. ಗಾಳಿಯಾಡದೆ ಒಳಗೆ ಶಾಖ ಏರುತ್ತದೆ, ಮಕ್ಕಾದ ಬಿಸಿಲಿನಲ್ಲಂತೂ ಅಪಾಯ. ಗಾಡಿಗೇ ಅಗಲವಾದ ನೆರಳಿನ ಮುಚ್ಚಿಗೆ ಇರುವುದನ್ನು ಆರಿಸಿ.

ಹರಮ್‌ನ ವಿಷಯ ಬಂದರೆ, ಕಅಬಾದ ಸುತ್ತಲಿನ ಕೆಳಗಿನ ಅಂಗಳಕ್ಕೆ ಗಾಡಿ ಬಿಡುವುದಿಲ್ಲ. ಆ ಜನಸಂದಣಿಯಲ್ಲಿ ಅದು ಬೇಡವೂ ಹೌದು. ಮೇಲಂತಸ್ತುಗಳಲ್ಲಿ ಬಿಡುವುದುಂಟು, ಆದರೆ ಮೇಲೆ ಹೋದಷ್ಟೂ ತವಾಫಿನ ಸುತ್ತು ದೊಡ್ಡದಾಗುತ್ತದೆ. ರಮಝಾನಿನ ದಿನಗಳಲ್ಲಿ ನಿಯಮ ಬದಲಾಗುತ್ತಿರುತ್ತದೆ, ತಂಡದ ಅಮೀರರಲ್ಲಿ ಮೊದಲೇ ಕೇಳಿ. ಕೆಳಗೆ ತವಾಫ್ ಮಾಡುವುದಾದರೆ ಮಗುವನ್ನು ತಂದೆ ಎದೆಗೆ ಕಟ್ಟಿಕೊಳ್ಳಲಿ. ಇದನ್ನು ನಾನು ಸಲಹೆಯಾಗಿ ಅಲ್ಲ, 2011ರ ಬಾಕಿಯಾಗಿ ಹೇಳುತ್ತಿದ್ದೇನೆ.

ಬೆಲೆ? ಸೂಟ್‌ಕೇಸ್ ಮಾದರಿಯದ್ದು ನಮ್ಮಲ್ಲಿ ಆರೇಳು ಸಾವಿರಕ್ಕೂ ಸಿಗುತ್ತದೆ. ಆದರೆ ಕೊಳ್ಳಲೇಬೇಕೆಂದಿಲ್ಲ. ಗಲ್ಫಿನ ನಂಟಿರುವ ನಮ್ಮ ಊರುಗಳಲ್ಲಿ ಮಗು ದೊಡ್ಡದಾದ ಮೇಲೆ ಎಷ್ಟು ಗಾಡಿಗಳು ಅಟ್ಟದಲ್ಲಿ ಧೂಳು ತಿನ್ನುತ್ತಿವೆ! ಸಣ್ಣಪುಟ್ಟ ಬಳಕೆಯ ವಸ್ತುಗಳನ್ನೂ ಇತರರಿಗೆ ಕೊಡದವರನ್ನು ಸೂರಃ ಅಲ್ ಮಾಊನ್ ಎಚ್ಚರಿಸುವುದನ್ನು ನಾವು ಪ್ರತಿದಿನ ನಮಾಝಿನಲ್ಲಿ ಓದುತ್ತೇವೆ. ಕೆಲವು ಜಮಾಅತ್‌ಗಳು ರೋಗಿಗಳಿಗೆಂದು ಗಾಲಿಕುರ್ಚಿ ಇಟ್ಟುಕೊಂಡಿರುತ್ತವೆ. ಅದರ ಪಕ್ಕ ಒಂದು ಮಗುವಿನ ಗಾಡಿಗೂ ಜಾಗವಿದ್ದೀತು. ಹಳೆಯದನ್ನು ತೆಗೆದುಕೊಳ್ಳುವಾಗ ಬಿಡಿಸಿದ ಮೇಲೆ ಕೀಲು ಬಿಗಿಯಾಗಿ ಕೂರುತ್ತದೆಯೇ, ಬೆಲ್ಟಿನ ಬಕಲ್ ತಾನಾಗಿ ಬಿಚ್ಚಿಕೊಳ್ಳುತ್ತದೆಯೇ ಎಂದು ನೋಡಿ. ಮಡಚುವ ಬಿಡಿಸುವ ಹೊತ್ತಿಗೆ ಮಕ್ಕಳ ಕೈ ದೂರವಿರಲಿ. ಹೆಸರಾಂತ ಮ್ಯಾಕ್ಲಾರೆನ್ ಕಂಪನಿಯೇ ಕೀಲಿನಲ್ಲಿ ಮಕ್ಕಳ ಬೆರಳ ತುದಿ ತುಂಡಾದ ದೂರುಗಳಿಂದ 2009ರಲ್ಲಿ ಅಮೆರಿಕದಲ್ಲಿ ಸುಮಾರು ಹತ್ತು ಲಕ್ಷ ಗಾಡಿಗಳ ಕೀಲಿಗೆ ಮುಚ್ಚಳ ಒದಗಿಸಬೇಕಾಯಿತು.

ಆ ಹುಡುಗಿಗೆ ನಮ್ಮ ಓಣಿಯ ಮನೆಯೊಂದರ ಅಟ್ಟದಿಂದ ಆರು ಕಿಲೋದ ಗಾಡಿಯೊಂದು ಸಿಕ್ಕಿತು. ತೊಳೆದು, ಅಕ್ಕಿ ಚೀಲ ಎತ್ತಿಕೊಂಡು ನಮ್ಮ ಅಂಗಳದಲ್ಲೇ ಮಡಚಿ ನೋಡಿದಳು. ಕಳೆದ ವಾರ ವಾಪಸು ತಂದಳು, ಜೊತೆಗೆ ಝಂಝಮ್ ಮತ್ತು ಖರ್ಜೂರ. ಹಿಂಬದಿ ಗಾಲಿಗೆ ಕಪ್ಪು ದಾರ ಬಿಗಿಯಾಗಿ ಸುತ್ತಿಕೊಂಡಿತ್ತು. ನಾನು ಅದನ್ನೇ ನೋಡುತ್ತಿದ್ದುದನ್ನು ಕಂಡು ನಕ್ಕಳು.

“ಮಾಮಿಯ ಬುರ್ಖಾದ್ದು ಉಸ್ತಾದ್. ಹಿಡಿದು ನಡೆದರೆ ಬೆನ್ನಿಗೆ ಆಧಾರ ಸಿಗ್ತದೆ ಅಂತ ಮತ್ತೆ ಯಾರಿಗೂ ದೂಡಲಿಕ್ಕೆ ಕೊಡಲೇ ಇಲ್ಲ.”

ದಾರ ಬಿಡಿಸಿ, ಬ್ರೇಕಿಗೆ ಎರಡು ಹನಿ ಎಣ್ಣೆ ಹಾಕಿಟ್ಟಿದ್ದೇನೆ. ಮುಂದಿನ ತಿಂಗಳು ಅಬುಧಾಬಿಗೆ ಹೊರಟಿರುವ ಇನ್ನೊಂದು ಮನೆಯವರು ನಿನ್ನೆಯೇ ಕೇಳಿ ಹೋಗಿದ್ದಾರೆ.