ಅಟ್ಟ ತುಂಬಿದ ಮೇಲೆ ಎಲ್ಲಿಗೆ?

ಚೌತಿಯಿಂದ ದೀಪಾವಳಿಯವರೆಗೆ ಬಿ.ಸಿ.ರೋಡು, ಬೆಳ್ತಂಗಡಿ, ಮೂಡುಬಿದಿರೆ ಪೇಟೆಗಳ ಗೃಹೋಪಯೋಗಿ ಅಂಗಡಿಗಳ ಮುಂದೆ ಒಂದೇ ಬಗೆಯ ಫಲಕಗಳು ಏಳುತ್ತವೆ. ಹಳೆಯದನ್ನು ತನ್ನಿ, ಹೊಸದನ್ನು ಒಯ್ಯಿರಿ, ಮುಂಗಡ ಬೇಡ, ಬಡ್ಡಿಯಿಲ್ಲದ ಕಂತು. ಬೆಲೆ, ಬಣ್ಣ, ಬಹುಮಾನ ಎಲ್ಲವನ್ನೂ ಹೇಳುವ ಈ ಫಲಕಗಳು ಒಂದು ಸಂಗತಿಯನ್ನು ಮಾತ್ರ ಹೇಳುವುದಿಲ್ಲ: ಒಯ್ದ ವಸ್ತು ಕೆಟ್ಟು ನಿಂತ ದಿನ ಅದನ್ನು ಹೊತ್ತೊಯ್ಯುವವರು ಯಾರು?

ಉತ್ತರ ಘಟ್ಟದ ತಪ್ಪಲಿನ ಮನೆಗಳ ಅಟ್ಟದಲ್ಲಿದೆ. ಒಂದು ಕಾಲದಲ್ಲಿ ಅಡಿಕೆ, ಸೌತೆಕಾಯಿ, ಬಿತ್ತನೆಯ ಬೀಜ, ಮದುವೆಯ ದೊಡ್ಡ ಪಾತ್ರೆಗಳಿಗೆ ಮೀಸಲಾಗಿದ್ದ ಅಟ್ಟದಲ್ಲಿ ಇಂದು ಹಳೆಯ ಪಿಕ್ಚರ್ ಟ್ಯೂಬಿನ ಟಿ.ವಿ. ಕುಳಿತಿದೆ. ಅದರ ಪಕ್ಕದಲ್ಲಿ ಸಿಡಿಲಿಗೆ ಸುಟ್ಟ ಮೋಡೆಮ್, ಮೋಟಾರು ಹೊಗೆಯೆದ್ದ ಮಿಕ್ಸಿ, ಬ್ಯಾಟರಿ ಉಬ್ಬಿದ ಎರಡು ಮೂರು ಫೋನುಗಳು, ಒಂದೇ ಮಳೆಗಾಲ ಬಾಳಿದ ಸೊಳ್ಳೆ ಬ್ಯಾಟುಗಳು. ಅಟ್ಟ ತುಂಬಿದ ಮೇಲೆ ಗುಜರಿಯವನು ಬರುತ್ತಾನೆ. ತಾಮ್ರ, ಕಬ್ಬಿಣ ಸಿಗುವುದನ್ನು ಕೊಂಡೊಯ್ಯುತ್ತಾನೆ. ಉಳಿದದ್ದು ಗುಡ್ಡದ ಬದಿಗೋ ತೋಡಿಗೋ ಬೀಳುತ್ತದೆ, ಇಲ್ಲವೇ ತರಗೆಲೆಯೊಂದಿಗೆ ಬೆಂಕಿಗೆ ಆಹುತಿಯಾಗುತ್ತದೆ. ಮಾರಾಟದ ಲಾಭ ಪೇಟೆಗೆ, ವಸ್ತುವಿನ ಶವ ಊರಿಗೆ. ಈ ವ್ಯವಸ್ಥೆಗೇ ಇಂದು ಅಭಿವೃದ್ಧಿ ಎಂಬ ಹೆಸರು.

ಯಂತ್ರದ ಮೇಲಿನ ಸಿಟ್ಟಲ್ಲ

ಇಷ್ಟು ಹೇಳಿದೊಡನೆ ಪರಿಸರವಾದಿಗಳು ಜನರನ್ನು ಒಲೆಯ ಹೊಗೆಗೂ ಕಡೆಯುವ ಕಲ್ಲಿಗೂ ಮರಳಿಸಲು ಹೊರಟಿದ್ದಾರೆ ಎಂಬ ಆಕ್ಷೇಪ ಬರುತ್ತದೆ. ಕಡೆಯುವ ಕಲ್ಲಿನ ಗುಣಗಾನ ಮಾಡುವವರಲ್ಲಿ ಅದನ್ನು ತಿರುಗಿಸಿ ಭುಜ ನೋಯಿಸಿಕೊಂಡವರು ಕಡಿಮೆ ಎಂಬುದು ನಿಜ. ಮಿಕ್ಸಿ, ಗ್ರೈಂಡರುಗಳು ಈ ಊರುಗಳ ಹೆಂಗಸರಿಗೆ ದಿನದ ಕೆಲವು ಗಳಿಗೆಗಳನ್ನಾದರೂ ಮರಳಿ ಕೊಟ್ಟಿವೆ. 2020 ಮತ್ತು 2021ರಲ್ಲಿ ಶಾಲೆಗಳು ಮುಚ್ಚಿದ್ದಾಗ ಘಟ್ಟದ ತಪ್ಪಲಿನ ಮಕ್ಕಳು ಸಿಗ್ನಲ್ ಅರಸಿ ಗುಡ್ಡ ಹತ್ತಿ, ಮಳೆಯಲ್ಲಿ ಕೊಡೆ ಹಿಡಿದು ಪಾಠ ಕೇಳಿದರು. ಆ ಮಕ್ಕಳ ಮುಂದೆ ಫೋನನ್ನು ವಿಲಾಸವೆಂದು ಕರೆಯುವ ಧೈರ್ಯ ಯಾರಿಗೂ ಬರಬಾರದು.

ಘಟ್ಟದ ಜನ ಹೊಸತನ್ನು ಎಂದೂ ತಿರಸ್ಕರಿಸಿದವರಲ್ಲ. 1995ರಲ್ಲಿ ಆರಂಭಗೊಂಡ ಸೆಲ್ಕೋ ಸಂಸ್ಥೆ ಕರ್ನಾಟಕದ ಹಳ್ಳಿಗಳಿಗೆ ಸೌರದೀಪ ತಂದಾಗ, ಕಂಬ ಬಾರದ ಮನೆಗಳು ಅದನ್ನು ಬರಮಾಡಿಕೊಂಡವು. ಆ ದೀಪದ ಜೊತೆಗೆ ಬ್ಯಾಂಕಿನ ಸಾಲವೂ ಬಂತು, ಕೆಟ್ಟರೆ ಮನೆಗೇ ಬಂದು ಸರಿಪಡಿಸುವ ತಂತ್ರಜ್ಞನೂ ಬಂದ. ವಸ್ತು ಮತ್ತು ಅದರ ಆರೈಕೆ ಒಟ್ಟಿಗೆ ಮನೆ ಹೊಕ್ಕವು. ಇಂದಿನ ಫಲಕಗಳು ಮಾರುವುದು ವಸ್ತುವನ್ನು ಮಾತ್ರ. ಜಗಳ ಇರುವುದು ಇಲ್ಲಿಯೇ.

ದುರಸ್ತಿ ಈ ನೆಲಕ್ಕೆ ಹೊಸ ವಿದ್ಯೆಯೇನೂ ಅಲ್ಲ. ತಾಮ್ರದ ಪಾತ್ರೆಗೆ ಕಲಾಯಿ ಹಾಕುವವರು ವರ್ಷಕ್ಕೊಮ್ಮೆ ಅಂಗಳಕ್ಕೆ ಬರುತ್ತಿದ್ದರು. ಮಳೆಗಾಲದ ಮುಂಚೆ ಕೊಡೆಯ ಕಡ್ಡಿ ಕಟ್ಟಿಸದ ಮನೆಯಿರಲಿಲ್ಲ. ರೇಡಿಯೋ ರಿಪೇರಿಯ ಅಂಗಡಿ ಪ್ರತಿ ಪೇಟೆಯಲ್ಲೂ ಇತ್ತು. ಇಂದು ಅದೇ ಪೇಟೆಯಲ್ಲಿ ಕೆಟ್ಟ ಮಿಕ್ಸಿಯನ್ನು ಒಯ್ದರೆ ಬರುವ ಮಾತು ಒಂದೇ: ಸರಿ ಮಾಡಿಸುವ ಹಣಕ್ಕೆ ಹೊಸತೇ ಬರುತ್ತದೆ. ಈ ಮಾತು ತಾನಾಗಿ ಹುಟ್ಟಿದ್ದಲ್ಲ. ಬ್ಯಾಟರಿಯನ್ನು ಅಂಟಿನಿಂದ ಬಿಗಿದು, ಬಿಡಿಭಾಗ ಒದಗಿಸುವುದನ್ನು ನಿಲ್ಲಿಸಿ, ಕೆಲವೇ ವರ್ಷಗಳಲ್ಲಿ ತಂತ್ರಾಂಶವನ್ನು ಹಳತಾಗಿಸಿ ಇದನ್ನು ಕಾರ್ಖಾನೆಯಲ್ಲೇ ತಯಾರಿಸಲಾಗಿದೆ.

ಇದರ ಬೆಲೆ ತೆರುವವರು ಯಾರೆಂದು ನೋಡಬೇಕು. ಬಂಟ್ವಾಳ, ಬೆಳ್ತಂಗಡಿಯ ಹಳ್ಳಿಗಳಲ್ಲಿ ಸಾವಿರಕ್ಕೆ ಇಂತಿಷ್ಟೆಂಬ ಕೂಲಿಗೆ ಬೀಡಿ ಕಟ್ಟುವ ಹೆಂಗಸು ಮಗನ ಫೋನಿನ ಕಂತನ್ನು ಬೆರಳಿನಿಂದ ಕಟ್ಟುತ್ತಾಳೆ. ಎಷ್ಟೋ ಸಲ ಕಂತು ಮುಗಿಯುವ ಮೊದಲೇ ಫೋನು ಮುಗಿದಿರುತ್ತದೆ. ಹಾಸಿಗೆ ಇದ್ದಷ್ಟು ಕಾಲು ಚಾಚೆಂದ ನಾಡಿನಲ್ಲಿ ಕಾಲು ಚಾಚಿಸುವುದೇ ಒಂದು ಉದ್ಯಮವಾಗಿದೆ.

ಜಪಾನಿನ ಎರಡು ಮುಖ

ಕರಾವಳಿಯ ಮನೆಗಳಿಗೆ ಜಪಾನ್ ಅಪರಿಚಿತ ದೇಶವಲ್ಲ. ಗಲ್ಫಿಗೆ ಹೋದವರು ಹೊತ್ತು ತಂದ ಟೇಪ್ ರೆಕಾರ್ಡರಿನ ಬೆನ್ನಿನಲ್ಲಿ 'ಮೇಡ್ ಇನ್ ಜಪಾನ್' ಎಂದಿದ್ದರೆ ಅದು ಬಾಳಿಕೆಯ ಮುದ್ರೆ. ಆ ವಸ್ತುಗಳನ್ನು ತಯಾರಿಸಿದ ಸಮಾಜ ಅವುಗಳೊಂದಿಗೆ ಹೇಗೆ ಬದುಕಿತೆಂಬುದು ತಿಳಿಯತಕ್ಕ ಸಂಗತಿ.

1950ರ ದಶಕದಲ್ಲಿ ಜಪಾನೀಯರು ಟಿ.ವಿ., ಬಟ್ಟೆ ಒಗೆಯುವ ಯಂತ್ರ, ಫ್ರಿಜ್ - ಈ ಮೂರನ್ನು ಮನೆಯ ಮೂರು ದಿವ್ಯನಿಧಿಗಳೆಂದು ಕರೆದರು. ಅದೇ ದಶಕದ 1956ರಲ್ಲಿ ಮಿನಾಮಾತಾ ಕೊಲ್ಲಿಯ ಮೀನುಗಾರರ ಕುಟುಂಬಗಳಲ್ಲಿ ಕಾಣಿಸಿಕೊಂಡ ವಿಚಿತ್ರ ರೋಗ ಅಧಿಕೃತವಾಗಿ ದಾಖಲಾಯಿತು. ಕಾರ್ಖಾನೆಯೊಂದು ಸಮುದ್ರಕ್ಕೆ ಬಿಟ್ಟ ಪಾದರಸ ಮೀನಿನ ಮೂಲಕ ಜನರ ನರಮಂಡಲವನ್ನು ಸೇರಿತ್ತು. ವಸ್ತುಗಳ ಸಮೃದ್ಧಿ ಮತ್ತು ಅದರ ವಿಷ ಒಂದೇ ಹೊತ್ತಿನಲ್ಲಿ ಬಂದವು. ಸಮೃದ್ಧಿ ನಗರಕ್ಕೆ, ವಿಷ ಕಡಲತಡಿಗೆ.

ಪೆಟ್ಟು ತಿಂದ ಆ ದೇಶ ಕೊನೆಗೆ ಒಂದು ತತ್ವಕ್ಕೆ ಬಂತು. 1998ರಲ್ಲಿ ರೂಪಿಸಿ 2001ರ ಏಪ್ರಿಲಿನಿಂದ ಜಾರಿಗೆ ತಂದ ಕಾನೂನಿನ ಪ್ರಕಾರ ಟಿ.ವಿ., ಫ್ರಿಜ್, ಬಟ್ಟೆಯಂತ್ರ, ಏರ್ ಕಂಡೀಷನರ್ ಹಳತಾದಾಗ ಮಾರಿದ ಅಂಗಡಿಯವನು ಮರಳಿ ಒಯ್ಯಬೇಕು, ತಯಾರಿಸಿದವನು ಅದನ್ನು ಕಳಚಿ ಮರುಬಳಸಬೇಕು, ಎಸೆಯುವವನು ಅದಕ್ಕಾಗಿ ಶುಲ್ಕ ತೆರಬೇಕು. 2013ರಿಂದ ಫೋನಿನಂತಹ ಚಿಕ್ಕ ಉಪಕರಣಗಳ ಸಂಗ್ರಹಕ್ಕೂ ಕಾನೂನು ಬಂತು. 2017ರಿಂದ 2019ರವರೆಗೆ ಜಪಾನಿನ ಜನ ಕೊಟ್ಟ ಸುಮಾರು 79,000 ಟನ್ ಹಳೆಯ ಉಪಕರಣಗಳಿಂದ, ಅವುಗಳಲ್ಲಿ 62 ಲಕ್ಷ ಫೋನುಗಳು, ಟೋಕಿಯೋ ಒಲಿಂಪಿಕ್ಸಿನ ಸುಮಾರು 5,000 ಪದಕಗಳಿಗೆ ಬೇಕಾದ ಲೋಹ ದೊರೆಯಿತು: 32 ಕಿಲೋ ಚಿನ್ನ, 3,500 ಕಿಲೋ ಬೆಳ್ಳಿ, 2,200 ಕಿಲೋ ಕಂಚು. ಅಟ್ಟದ ಕಸವೆಂದು ಕರೆಯುವುದು ನಿಜಕ್ಕೂ ಗಣಿ.

ಜಪಾನೀ ಭಾಷೆಯಲ್ಲಿ 'ಮೊತ್ತೈನಾಯ್' ಎಂಬ ಮಾತಿದೆ. ಒಂದು ವಸ್ತು ತನ್ನ ಬಾಳನ್ನು ಪೂರ್ತಿ ಬಾಳದೆ ಹಾಳಾದಾಗ ಆಗುವ ಮರುಕ ಅದರ ಅರ್ಥ; ಎಲೆಯಲ್ಲಿ ಅನ್ನ ಬಿಟ್ಟ ಮಗುವನ್ನು ಗದರುವ ಅಜ್ಜಿಗೆ ಅದನ್ನು ವಿವರಿಸಬೇಕಿಲ್ಲ. ಕೀನ್ಯಾದ ಮರಗಳ ತಾಯಿ, ನೊಬೆಲ್ ಶಾಂತಿ ಪುರಸ್ಕೃತೆ ವಂಗಾರಿ ಮಾಥಾಯ್ 2005ರಲ್ಲಿ ಜಪಾನಿಗೆ ಹೋದಾಗ ಈ ಮಾತನ್ನು ಕೇಳಿ ಜಗತ್ತಿಗೆಲ್ಲ ಸಾರಿದರು. ಸ್ಮಾರ್ಟ್‌ಫೋನು ಬಂದ ಮೇಲೂ ಬಹಳಷ್ಟು ಜಪಾನೀಯರು, ಹೆಚ್ಚಾಗಿ ವಯಸ್ಸಾದವರು, ಮಡಚುವ ಹಳೆಯ ಫೋನನ್ನೇ ಹಿಡಿದು ಕುಳಿತರು. ಗಲಪಗೋಸ್ ದ್ವೀಪದ ಜೀವಿಗಳಂತೆ ಪ್ರತ್ಯೇಕವಾಗಿ ವಿಕಾಸಗೊಂಡ ಫೋನುಗಳೆಂದು ಅವಕ್ಕೆ 'ಗರಕೇ' ಎಂಬ ಅಡ್ಡಹೆಸರೂ ಬಂತು. ಆದರೆ ಅವರ ಹಟವನ್ನು ಕಂಪೆನಿಗಳು ಬಾಳಗೊಡಲಿಲ್ಲ. ಕೆಡಿಡಿಐ ತನ್ನ 3ಜಿ ಜಾಲವನ್ನು 2022ರ ಮಾರ್ಚಿನಲ್ಲಿ ಮುಚ್ಚಿತು. ಸಾಫ್ಟ್‌ಬ್ಯಾಂಕ್ 2024ರಲ್ಲಿ ಅದೇ ದಾರಿ ಹಿಡಿಯಿತು. ಆ ಜಾಲವನ್ನೇ ನಂಬಿದ್ದ, ಗಟ್ಟಿಯಾಗಿಯೇ ಇದ್ದ ಫೋನುಗಳು ಒಂದು ಬೆಳಗಾಗುವಷ್ಟರಲ್ಲಿ ಸತ್ತವು.

ಈ ಕಥೆಯಿಂದ ಎರಡು ಪಾಠಗಳಿವೆ. ಕಾನೂನು ಬಿಗಿಯಾಗಿದ್ದರೆ ಮಾರುವವನ ಹೆಗಲಿಗೆ ಹೊಣೆ ಹೊರಿಸಬಹುದು. ಆದರೆ ಬಳಕೆದಾರನ ಸಂಯಮ ಒಂದೇ ಸಾಲದು. ಎಷ್ಟು ಮಿತವ್ಯಯಿಯಾದರೂ ಅವನ ವಸ್ತುವಿನ ಆಯುಷ್ಯದ ದಾರ ಬೇರೆಯವರ ಕೈಯಲ್ಲಿದೆ. ಹಾಗಾಗಿ ಕೊಳ್ಳುಬಾಕತನವನ್ನು ಜನರ ಚಾಪಲ್ಯವೆಂದು ಹಳಿದು ಕೈತೊಳೆದುಕೊಳ್ಳುವ ಉಪದೇಶಕರು ಅರ್ಧಸತ್ಯವನ್ನಷ್ಟೇ ಹೇಳುತ್ತಾರೆ.

ಈ ಮಣ್ಣು ಬಲ್ಲ ವಿಷ

ಗುಡ್ಡದ ಮೂಲೆಯ ಒಂದು ಫೋನಿನಿಂದ ಏನಾದೀತು, ಬೆಂಗಳೂರಿನ ಕಸದ ಮುಂದೆ ಇದೆಷ್ಟರದು ಎಂಬ ಸಮಾಧಾನವೂ ಕೇಳಿಬರುತ್ತದೆ. ಜಗತ್ತು 2022ರ ಒಂದೇ ವರ್ಷದಲ್ಲಿ 6.2 ಕೋಟಿ ಟನ್ ಇ-ಕಸ ಹೊರಹಾಕಿತು. ಅದರಲ್ಲಿ ಕ್ರಮಬದ್ಧವಾಗಿ ಮರುಬಳಕೆಗೆ ಹೋದದ್ದಕ್ಕೆ ದಾಖಲೆಯಿರುವುದು ಶೇ. 22.3ಕ್ಕೆ ಮಾತ್ರ. ಚೀನಾ, ಅಮೆರಿಕಗಳ ನಂತರ ಅತಿ ಹೆಚ್ಚು ಇ-ಕಸ ಹುಟ್ಟುವುದು ಭಾರತದಲ್ಲಿ. ಆ ರಾಶಿಯ ಒಂದೊಂದು ತುಣುಕೂ ಒಂದೊಂದು ಮನೆಯದು.

ಪ್ರಮಾಣಕ್ಕಿಂತ ಮುಖ್ಯವಾದದ್ದು ಜಾಗ. ವರ್ಷಕ್ಕೆ ಸುಮಾರು 4,000 ಮಿ.ಮೀ. ಮಳೆ ಸುರಿಯುವ, ಮುರಕಲ್ಲಿನ ರಂಧ್ರಗಳ ಮೂಲಕ ನೀರು ಸರಸರನೆ ಇಳಿಯುವ ನೆಲ ಇದು. ಮೇಲಿನ ಗುಡ್ಡದಲ್ಲಿ ಎಸೆದದ್ದು ಕೆಳಗಿನ ಬಾವಿಗೆ ಬರುತ್ತದೆ. ಮಾಣಿಲದ ಮನೆಗಳು ಗುಡ್ಡ ಕೊರೆದು ಸುರಂಗದಿಂದ ನೀರು ತರುತ್ತವೆ. ಆ ಗುಡ್ಡದ ನೆತ್ತಿಯೇ ಕಸದ ತಾಣವಾದರೆ ಸುರಂಗ ಏನನ್ನು ಕೊಟ್ಟೀತು? ನೇತ್ರಾವತಿಯ ನೀರು ತುಂಬೆಯ ಅಣೆಕಟ್ಟಿನಿಂದ ಮಂಗಳೂರಿಗೆ ಹೋಗುತ್ತದೆ. ಹಳೆಯ ಟಿ.ವಿ. ಗಾಜಿನಲ್ಲಿ ಸೀಸ, ಟ್ಯೂಬ್‌ಲೈಟಿನಲ್ಲಿ ಪಾದರಸ, ಹಳೆಯ ಬ್ಯಾಟರಿಗಳಲ್ಲಿ ಕ್ಯಾಡ್ಮಿಯಂ, ಇನ್ವರ್ಟರಿನ ಬ್ಯಾಟರಿಯಲ್ಲಿ ಸೀಸ ಮತ್ತು ಗಂಧಕಾಮ್ಲ. ತಾಮ್ರಕ್ಕಾಗಿ ವಯರು ಸುಟ್ಟರೆ ಡಯಾಕ್ಸಿನ್.

ಕಾಣದ ವಿಷ ಏನು ಮಾಡುತ್ತದೆಂದು ಬೆಳ್ತಂಗಡಿ ತಾಲೂಕಿಗೆ ಯಾರೂ ಕಲಿಸಬೇಕಿಲ್ಲ. ಕೊಕ್ಕಡ, ಪಟ್ರಮೆ, ನಿಡ್ಲೆಗಳ ಗೇರುತೋಟಗಳ ಮೇಲೆ 1980ರ ದಶಕದಿಂದ ಆಕಾಶದಿಂದ ಸುರಿದ ಎಂಡೋಸಲ್ಫಾನಿಗೆ 2011ರಲ್ಲಿ ನಿಷೇಧ ಬಂತು. ಅಷ್ಟರಲ್ಲಿ ಒಂದು ತಲೆಮಾರು ಹಾಸಿಗೆ ಹಿಡಿದಿತ್ತು. ಕಸದ ಭಾರ ಏನು ಮಾಡುತ್ತದೆಂಬುದನ್ನು 2019ರ ಆಗಸ್ಟಿನಲ್ಲಿ ಪಚ್ಚನಾಡಿಯ ಕಸದ ಗುಡ್ಡ ಜಾರಿ ಮಂದಾರದ ತೋಟ, ಮನೆಗಳನ್ನು ನುಂಗಿ ತೋರಿಸಿತು.

ವಸ್ತುವಿನ ಹುಟ್ಟೂ ಗುಡ್ಡದಲ್ಲೇ. ಕುದುರೆಮುಖದ ಅದಿರು ಕೊಳವೆಯಲ್ಲಿ ಪಣಂಬೂರಿಗೆ ಇಳಿದು, ಜಪಾನೂ ಸೇರಿದಂತೆ ಹೊರದೇಶಗಳಿಗೆ ಹಡಗೇರುತ್ತಿತ್ತು. ಜನರ ಹೋರಾಟ, 2002ರ ಸುಪ್ರೀಂ ಕೋರ್ಟಿನ ತೀರ್ಪುಗಳ ಫಲವಾಗಿ 2005ರ ಕೊನೆಗೆ ಗಣಿ ನಿಂತಿತು. ಭದ್ರೆಗೆ ಬಿಡುವು ಸಿಕ್ಕಿತು. ಇಂದು ಫೋನಿನ ಬ್ಯಾಟರಿಯ ಕೋಬಾಲ್ಟಿಗಾಗಿ ಆಫ್ರಿಕಾದ ಕಾಂಗೋ ಅಗೆಯಲ್ಪಡುತ್ತಿದೆ. ಒಂದು ಸ್ಮಾರ್ಟ್‌ಫೋನು ತನ್ನ ಜೀವಮಾನದಲ್ಲಿ ವಾತಾವರಣಕ್ಕೆ ಸೇರಿಸುವ ಇಂಗಾಲದ ಬಹುಪಾಲು ಅದನ್ನು ತಯಾರಿಸುವಾಗಲೇ ಆಗಿಹೋಗಿರುತ್ತದೆ. ಆದುದರಿಂದ ಎರಡು ವರ್ಷಕ್ಕೆ ಬಿಡುವ ಫೋನನ್ನು ಐದು ವರ್ಷ ಬಳಸಿದರೆ ಎಲ್ಲೋ ಒಂದು ಗುಡ್ಡ ಅಷ್ಟರಮಟ್ಟಿಗೆ ಉಳಿಯುತ್ತದೆ. ತನ್ನ ಗುಡ್ಡ ಉಳಿಸಿಕೊಂಡವರಿಗೆ ಬೇರೆಯವರ ಗುಡ್ಡದ ಋಣವೂ ಇದೆ.

ಕಾಗದದ ಮೇಲಿನ ಹೊಣೆ

ಭಾರತದಲ್ಲಿ ಕಾನೂನು ಇಲ್ಲವೆಂದಲ್ಲ. ಇ-ಕಸದ ಮೊದಲ ನಿಯಮಗಳು 2012ರ ಮೇ ತಿಂಗಳಿನಿಂದ ಜಾರಿಗೆ ಬಂದವು. 2016ರ ನಿಯಮಗಳಲ್ಲಿ ಸಂಗ್ರಹ ಕೇಂದ್ರಗಳ, ಠೇವಣಿ ಹಿಂದಿರುಗಿಸುವ ಯೋಜನೆಯ ಮಾತಿತ್ತು. 2023ರ ಏಪ್ರಿಲಿನಿಂದ ಜಾರಿಯಲ್ಲಿರುವ ಹೊಸ ನಿಯಮಗಳಲ್ಲಿ ಉತ್ಪಾದಕರ ಹೊಣೆಯನ್ನು ಅಳೆಯುವುದು ಪ್ರಮಾಣಪತ್ರದಿಂದ. ನೋಂದಾಯಿತ ಮರುಬಳಕೆ ಘಟಕದಿಂದ ಪ್ರಮಾಣಪತ್ರ ಕೊಂಡರೆ ಕಂಪೆನಿಯ ಲೆಕ್ಕ ಚುಕ್ತಾ. ಆ ಕಸ ಮಹಾನಗರದ್ದೋ, ಚಾರ್ಮಾಡಿ ಘಾಟಿಯ ಬುಡದ್ದೋ ಎಂದು ಕೇಳುವವರಿಲ್ಲ. ಸುಲಭವಾಗಿ ಸಿಗುವ ಕಡೆಯ ಕಸ ಲೆಕ್ಕಕ್ಕೆ ಸೇರುತ್ತದೆ. ದೂರದ ಅಟ್ಟದ ಕಸ ಅಟ್ಟದಲ್ಲೇ ಉಳಿಯುತ್ತದೆ. ಮಿಕ್ಸಿ ತಲುಪಿಸಲು ಘಟ್ಟದ ಬುಡದವರೆಗೆ ಬರುವ ಟೆಂಪೋಗೆ ಹಳೆಯದನ್ನು ಒಯ್ಯಲು ಮಾತ್ರ ದಾರಿ ದೂರವಾಗುತ್ತದೆಯೇ?

ದುರಸ್ತಿಯ ಹಕ್ಕಿನ ಮಾತೂ ಕೇಳಿಬರುತ್ತಿದೆ. ಕೇಂದ್ರ ಸರ್ಕಾರ 2022ರ ಡಿಸೆಂಬರಿನಲ್ಲಿ ಅದಕ್ಕಾಗಿ ಒಂದು ಅಂತರ್ಜಾಲ ತಾಣವನ್ನೇ ತೆರೆಯಿತು. ತಾಣದಲ್ಲಿ ಮಾಹಿತಿಯಿದೆ, ಪೇಟೆಯಲ್ಲಿ ಬಿಡಿಭಾಗವಿಲ್ಲ. ಯುರೋಪಿನ ಒಕ್ಕೂಟದಲ್ಲಿ 2025ರ ಜೂನಿನಿಂದ ಮಾರುಕಟ್ಟೆಗೆ ಬರುವ ಫೋನುಗಳಿಗೆ ಏಳು ವರ್ಷ ಬಿಡಿಭಾಗ, ಐದು ವರ್ಷ ತಂತ್ರಾಂಶ ಒದಗಿಸುವುದು ಕಡ್ಡಾಯ. ಅಲ್ಲಿ ಸಾಧ್ಯವಾದದ್ದು ಅದೇ ಕಂಪೆನಿಗಳಿಗೆ ಇಲ್ಲಿ ಅಸಾಧ್ಯವೆಂದರೆ ನಂಬುವುದು ಹೇಗೆ?

ಊರಿನ ಕೈಯಲ್ಲಿರುವುದು

ದೆಹಲಿಯ ಕಾನೂನು ತಿದ್ದುಪಡಿಯಾಗುವವರೆಗೆ ಊರು ಕೈಕಟ್ಟಿ ಕೂರಬೇಕಿಲ್ಲ. ಮಳೆ ನಿಂತೊಡನೆ ತೋಡಿಗೆ ಅಡ್ಡವಾಗಿ ಕಟ್ಟ ಕಟ್ಟಲು ಯಾವ ಊರೂ ಸರ್ಕಾರದ ಆದೇಶಕ್ಕೆ ಕಾದದ್ದಿಲ್ಲ. ಬರುವ ಗ್ರಾಮಸಭೆಗಳಲ್ಲಿ ಈ ಬೇಡಿಕೆಗಳು ನಡಾವಳಿ ಪುಸ್ತಕಕ್ಕೆ ಏರಬೇಕು:

1. ಪ್ರತಿ ಗ್ರಾಮ ಪಂಚಾಯತು ಆರು ತಿಂಗಳಿಗೊಮ್ಮೆ, ಮಳೆಗಾಲಕ್ಕೆ ಮುಂಚೆ ಒಮ್ಮೆ ಮತ್ತು ದೀಪಾವಳಿಯ ನಂತರ ಒಮ್ಮೆ, ಇ-ಕಸ ಸಂಗ್ರಹದ ದಿನ ಗೊತ್ತುಪಡಿಸಲಿ. ಹಾಲಿನ ಸೊಸೈಟಿ, ಸಹಕಾರ ಸಂಘಗಳ ಜಗಲಿ ಅದಕ್ಕೆ ಸಾಕು. ಸಂಗ್ರಹವಾದದ್ದು ನೋಂದಾಯಿತ ಮರುಬಳಕೆ ಘಟಕಕ್ಕೇ ಹೋಯಿತೆಂಬ ರಶೀದಿಯನ್ನು ಸಭೆಯಲ್ಲಿ ಓದಲಿ.

2. ಹೊಸತನ್ನು ಮಾರುವ ಅಂಗಡಿ ಹಳೆಯದನ್ನು, ಕೆಟ್ಟದ್ದಾಗಿದ್ದರೂ, ಮರಳಿ ಪಡೆಯಲಿ. ವ್ಯಾಪಾರ ಪರವಾನಗಿ ನವೀಕರಣದ ಹೊತ್ತಿಗೆ ಸ್ಥಳೀಯ ಸಂಸ್ಥೆಗಳು ಇದನ್ನು ಕೇಳಲಿ.

3. ಉಜಿರೆ, ಮೂಡುಬಿದಿರೆಗಳು ವಿದ್ಯಾಕೇಂದ್ರಗಳೆಂದು ಹೆಸರಾದವು. ಅಲ್ಲಿನ ಐ.ಟಿ.ಐ., ಎಂಜಿನಿಯರಿಂಗ್ ವಿದ್ಯಾರ್ಥಿಗಳು ಪೇಟೆಯ ಹಳೆಯ ರಿಪೇರಿಯವರ ಬಳಿ ಕುಳಿತು ಕಲಿತು, ಊರೂರಲ್ಲಿ ದುರಸ್ತಿ ಶಿಬಿರ ನಡೆಸಲಿ. ಒಂದು ಮಿಕ್ಸಿಯನ್ನು ಬದುಕಿಸಿದವನಿಗೆ ಪರಿಸರದ ಬಗ್ಗೆ ಹತ್ತು ಭಾಷಣಗಳಿಂದ ಸಿಗದ ತಿಳಿವಳಿಕೆ ಸಿಗುತ್ತದೆ.

4. ಸ್ವಸಹಾಯ ಸಂಘಗಳು ಉಪಕರಣಕ್ಕೆ ಸಾಲ ಕೊಡುವ ಮುನ್ನ ಮೂರು ಪ್ರಶ್ನೆ ಕೇಳಲಿ: ಇದನ್ನು ಇಲ್ಲಿ ಯಾರು ರಿಪೇರಿ ಮಾಡುತ್ತಾರೆ? ಬಿಡಿಭಾಗ ಎಷ್ಟು ವರ್ಷ ಸಿಗುತ್ತದೆ? ಕೆಟ್ಟ ಮೇಲೆ ಯಾರು ಒಯ್ಯುತ್ತಾರೆ? ದುರಸ್ತಿಗೂ ಸಾಲ ಕೊಡಲಿ.

ಇವುಗಳಲ್ಲಿ ಒಂದಕ್ಕೂ ಕೋಟಿಗಳ ಅನುದಾನ ಬೇಕಿಲ್ಲ. ಬೇಕಾದದ್ದು ಪ್ರಶ್ನೆ ಕೇಳುವ ಬಾಯಿ. ಅಂಗಡಿಯವನು ವಸ್ತುವಿನ ಗುಣಗಳನ್ನೆಲ್ಲ ಹೇಳಿ ಮುಗಿಸಿದ ಮೇಲೆ, ಕೆಟ್ಟ ದಿನ ಇದನ್ನು ಒಯ್ಯುತ್ತೀರಾ ಎಂದು ಹತ್ತು ಮಂದಿ ಕೇಳಿದರೆ ಅವನು ನಗುತ್ತಾನೆ. ನೂರು ಮಂದಿ ಕೇಳಿದರೆ ಕಂಪೆನಿಗೆ ಫೋನು ಮಾಡುತ್ತಾನೆ. ಮೂರು ತಾಲೂಕು ಒಟ್ಟಾಗಿ ಕೇಳಿದರೆ ಫಲಕದಲ್ಲಿ ಆ ಸಾಲನ್ನೂ ಬರೆಯಬೇಕಾಗುತ್ತದೆ.